ಚಕ್ರದ ಒಂದು ಕೆಜಿ, ಫ್ಲೈವೀಲಿನ ಒಂದು ಕೆಜಿ

ಸ್ಪೋರ್ಟ್ಸ್ ಕಾರನ್ನು ತಾವೇ ಕಟ್ಟಿಕೊಳ್ಳಲು ಹೊರಟವರ ನಡುವೆ ಒಂದು ಮಾತು ಬೇರೂರಿಬಿಟ್ಟಿದೆ. ಚಕ್ರದಲ್ಲಿ ಒಂದು ಕೆಜಿ ಉಳಿಸಿದರೆ ಬಾಡಿಯಲ್ಲಿ ನಾಲ್ಕು ಕೆಜಿ ಉಳಿಸಿದ ಹಾಗೆ, ಅಂತ. ಕೆಲವರು ಎಂಟು ಅನ್ನುತ್ತಾರೆ. ಹತ್ತು ಅನ್ನುವವರೂ ಇದ್ದಾರೆ. ಇದನ್ನು ನಂಬಿ ದುಬಾರಿ ರಿಮ್‌ಗೆ ದುಡ್ಡೆಲ್ಲ ಸುರಿದು, ಎಂಜಿನ್ ವಿಷಯಕ್ಕೆ ಬಂದಾಗ ಸಿಕ್ಕಿದ್ದನ್ನು ತಂದು ಕೂರಿಸುವವರು ಬಹಳ. ಲೆಕ್ಕ ಹಾಕಿ ನೋಡಿದರೆ ಈ ಮಾತು ನಿಲ್ಲುವುದಿಲ್ಲ. ಅದಕ್ಕಿಂತ ಸ್ವಾರಸ್ಯದ ಸಂಗತಿ ಇನ್ನೊಂದಿದೆ: ಹತ್ತು ಪಟ್ಟಲ್ಲ, ಇಪ್ಪತ್ತು ಪಟ್ಟಿಗೂ ಜಾಸ್ತಿ ತೂಗುವ ಒಂದು ಭಾಗ ಕಾರಿನಲ್ಲಿ ನಿಜಕ್ಕೂ ಇದೆ. ಅದು ಚಕ್ರದ ಹತ್ತಿರವೇ ಇಲ್ಲ.

ಮೊದಲು ಚಕ್ರವನ್ನೇ ನೋಡೋಣ. ಅದರ ತೂಕವೆಲ್ಲ ಹೊರ ಅಂಚಿನಲ್ಲೇ ಇದೆ ಅಂದುಕೊಳ್ಳಿ. ಇದಕ್ಕಿಂತ ಕೆಟ್ಟ ಸ್ಥಿತಿ ಸಾಧ್ಯವಿಲ್ಲ. ಕಾರು ಓಡುವಾಗ ಆ ಅಂಚಿಗೆ ಎರಡು ಕೆಲಸ. ಕಾರಿನ ಜತೆ ಮುಂದಕ್ಕೆ ಹೋಗಬೇಕು, ಚಕ್ರದ ನಡುವಿನ ಹಬ್‌ನ ಸುತ್ತ ತಿರುಗಲೂಬೇಕು. ಟೈರು ಜಾರದೆ ಉರುಳುತ್ತಿದ್ದರೆ ಹಬ್‌ನ ಸುತ್ತ ಅಂಚು ಸುತ್ತುವ ವೇಗ ಕಾರಿನ ವೇಗದಷ್ಟೇ ಇರುತ್ತದೆ. ಅಂದಮೇಲೆ ತಿರುಗುವುದಕ್ಕೆ ಬೇಕಾದ ಶಕ್ತಿ, ಮುಂದಕ್ಕೆ ಹೋಗಲು ಬೇಕಾದ ಶಕ್ತಿಯಷ್ಟೇ ಆಯಿತು. ಎರಡೂ ಸೇರಿದರೆ ದುಪ್ಪಟ್ಟು. ಅಲ್ಲಿಗೆ ಮುಗಿಯಿತು. ಉರುಳುವ ಚಕ್ರದ ಒಂದು ಕೆಜಿ ಎರಡು ಕೆಜಿಗಿಂತ ಜಾಸ್ತಿ ಆಗುವುದಕ್ಕೆ ದಾರಿಯೇ ಇಲ್ಲ. ನಿಜವಾದ ಚಕ್ರದಲ್ಲಿ ಸ್ವಲ್ಪ ತೂಕ ನಡುವೆಯೂ ಇರುತ್ತದಲ್ವಾ? ಹಾಗಾಗಿ ರಿಮ್, ಟೈರು ಸೇರಿ ಲೆಕ್ಕ ಒಂದೂವರೆ ಪಟ್ಟಿನ ಆಸುಪಾಸಿಗೆ ಬರುತ್ತದೆ. ಒಂದೊಂದು ಚಕ್ರದಲ್ಲೂ ನಾಲ್ಕು ಕೆಜಿ ಇಳಿಸಿದರೆ ಒಟ್ಟು 16 ಕೆಜಿ. ಪಿಕಪ್ ಮಟ್ಟಿಗೆ ಅದು ಸುಮಾರು 24 ಕೆಜಿ ಇಳಿಸಿದಂತೆ. ಒಳ್ಳೆಯದೇ, ಆದರೆ ಪವಾಡವಲ್ಲ.

ಈಗ ಎಂಜಿನ್ನಿನ ಹಿಂಬದಿಯಲ್ಲಿ, ಕ್ಲಚ್ಚಿಗೆ ತಗುಲಿಕೊಂಡಿರುವ ಫ್ಲೈವೀಲಿಗೆ ಬನ್ನಿ. ಎಂಜಿನ್ ಜತೆಗೇ ಸುತ್ತುತ್ತ ಅದರ ಓಟವನ್ನು ಹದವಾಗಿಡುವ ತಟ್ಟೆ ಇದು. 8 ಕೆಜಿ ತೂಗುವ ಒಂದು ಫ್ಲೈವೀಲ್ ಅಂತ ಇಟ್ಟುಕೊಳ್ಳೋಣ. ಅದರ ತೂಕ ನಡುವಿನಿಂದ ಸರಾಸರಿ 10 ಸೆಂಟಿಮೀಟರ್ ದೂರದಲ್ಲಿದೆ. ಒಂದನೇ ಗೇರಿನ ಅನುಪಾತ 3.6, ಗೇರ್‌ಬಾಕ್ಸ್ ದಾಟಿದ ಮೇಲೆ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್‌ನ ಅನುಪಾತ 4. ಗುಣಿಸಿದರೆ 14.4. ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಫ್ಲೈವೀಲ್ 14.4 ಸುತ್ತು ಹೊಡೆದಿರುತ್ತದೆ. ಟೈರಿನ ತ್ರಿಜ್ಯ 30 ಸೆಂಟಿಮೀಟರ್.

ಗೇರು ಇಲ್ಲಿ ಎರಡು ಸಲ ಹೊಡೆತ ಕೊಡುತ್ತದೆ. ಕಾರಿನ ವೇಗ ಸ್ವಲ್ಪ ಏರಬೇಕಾದರೆ ಫ್ಲೈವೀಲಿನ ಸುತ್ತುವ ವೇಗ ಚಕ್ರದ್ದಕ್ಕಿಂತ 14.4 ಪಟ್ಟು ಏರಬೇಕು. ಇದು ಮೊದಲನೆಯದು. ಹಾಗೆ ಏರಿಸಲು ಖರ್ಚಾದ ಟಾರ್ಕ್, ಅಂದರೆ ತಿರುಗಿಸುವ ಬಲ, ಅಲ್ಲೇ ಎಂಜಿನ್ನಿನಲ್ಲೇ ಮುಗಿದುಹೋಗುತ್ತದೆ. ಅದು ಉಳಿದಿದ್ದರೆ ಗೇರಿನಲ್ಲಿ ಹಾದು, 14.4 ಪಟ್ಟು ಹಿಗ್ಗಿ ಚಕ್ರಕ್ಕೆ ಬರುತ್ತಿತ್ತು. ಇದು ಎರಡನೆಯದು. 14.4ನ್ನು 14.4ರಿಂದಲೇ ಗುಣಿಸಿ: 207. ಇದನ್ನು ಫ್ಲೈವೀಲಿನ ಅಳತೆಗೂ ಟೈರಿನ ತ್ರಿಜ್ಯಕ್ಕೂ ಹೊಂದಿಸಿದರೆ ಬರುವ ಉತ್ತರ ಸುಮಾರು 184 ಕೆಜಿ. ಎಂಟು ಕೆಜಿಯ ಕಬ್ಬಿಣದ ತಟ್ಟೆಯೊಂದು ಒಂದನೇ ಗೇರಿನಲ್ಲಿ ಇಬ್ಬರು ದಪ್ಪ ಆಳುಗಳಷ್ಟು ಭಾರವಾಗಿ ಕಾರನ್ನು ಹಿಡಿದೆಳೆಯುತ್ತದೆ! ಇಂಥ ಹಗುರ ಕಾರಿನ ತೂಕವೇ 600 ಕೆಜಿ ಆಗಿರುವಾಗ ಇದು ಸಣ್ಣ ಮಾತಲ್ಲ.

ನಂಬಿಕೆ ಬರದಿದ್ದರೆ ಶಕ್ತಿಯ ಲೆಕ್ಕದಲ್ಲಿ ನೋಡಬಹುದು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ 600 ಕೆಜಿ ಕಾರಿನ ಚಲನಶಕ್ತಿ ಸುಮಾರು 37,000 ಜೌಲ್. ಅದೇ ಹೊತ್ತಿಗೆ ಒಂದನೇ ಗೇರಿನಲ್ಲಿ ಎಂಜಿನ್ ಸುಮಾರು 5,100 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು) ಇರುತ್ತದೆ, ಫ್ಲೈವೀಲ್ 11,000 ಜೌಲ್‌ಗೂ ಜಾಸ್ತಿ ನುಂಗಿ ಕೂತಿರುತ್ತದೆ.

ಮೇಲಿನ ಗೇರಿಗೆ ಹೋದ ಹಾಗೆ ಈ ಭಾರ ಕರಗುತ್ತದೆ. ಎರಡನೇ ಗೇರಿನ ಅನುಪಾತ 2.1 ಆದರೆ 63 ಕೆಜಿ. ನೇರ ಗೇರಿನಲ್ಲಿ, ಅಂದರೆ ಅನುಪಾತ 1 ಇರುವಲ್ಲಿ, ಬರೀ 14. ಹಗುರ ಫ್ಲೈವೀಲ್ ಹಾಕಿದ ಕಾರು ಕೆಳಗಿನ ಗೇರುಗಳಲ್ಲಿ ಚಿಗರೆಯಾಗಿ, ಹೆದ್ದಾರಿಯಲ್ಲಿ ಏನೂ ಬದಲಾಗದ ಹಾಗೆ ಕಾಣುವುದು ಇದಕ್ಕೇ. 8 ಕೆಜಿಯದನ್ನು 5 ಕೆಜಿಗೆ ಇಳಿಸಿದರೆ ಒಂದನೇ ಗೇರಿನಲ್ಲಿ 69 ಕೆಜಿ ಉಳಿತಾಯ. ಅಷ್ಟನ್ನು ಚಕ್ರಗಳಲ್ಲಿ ಉಳಿಸಲು ಹೋದರೆ ಚಕ್ರಗಳೇ ಉಳಿಯುವುದಿಲ್ಲ. ತೊಂದರೆಯೂ ಇದೆ. ತೀರಾ ಹಗುರ ಮಾಡಿದರೆ ಐಡ್ಲಿಂಗ್ ತಡವರಿಸುತ್ತದೆ, ಹೊರಡುವಾಗ ಕ್ಲಚ್ ಸ್ವಲ್ಪ ಜಾಸ್ತಿ ಬಿಟ್ಟರೂ ಎಂಜಿನ್ ಆಫ್. ಹಗುರ ಕಾರಿನಲ್ಲಿ ಒಂದನೇ ಗೇರಿನ ಪೂರ್ತಿ ಬಲ ಟೈರಿಗೆ ದಕ್ಕುವುದೂ ಕಷ್ಟವೇ. ನಿಜವಾದ ಲಾಭ ಸಿಗುವುದು ಎರಡನೇ, ಮೂರನೇ ಗೇರಿನಲ್ಲಿ.

ಮೋಟಾರ್‌ಸೈಕಲ್ ಎಂಜಿನ್ ಹಾಕಿದ ಪುಟ್ಟ ಕಾರುಗಳು ಹಾಗೆ ಚಿಮ್ಮುವುದಕ್ಕೆ ಅರ್ಧ ಕಾರಣ ಇಲ್ಲಿದೆ. ಅದರೊಳಗೆ ತಿರುಗುವ ಭಾಗಗಳೆಲ್ಲ ಸಣ್ಣವು. ಇನ್ನರ್ಧ ಕಾರಣ ಪವರ್. 1999ರಲ್ಲಿ ಬಂದ ಸುಜುಕಿ ಹಯಬುಸಾದ 1,299 ಸಿಸಿ ಎಂಜಿನ್ ಸುಮಾರು 175 ಎಚ್‌ಪಿ ಕೊಡುತ್ತದೆ, ಆದರೆ ಅದಕ್ಕೆ 10,000 ಆರ್‌ಪಿಎಂ ಹತ್ತಿರ ಹೋಗಬೇಕು. ಟಾರ್ಕ್ ನೋಡಿದರೆ ಈಗಿನ ಎರಡು ಲೀಟರ್ ಡೀಸೆಲ್ ಕಾರಿನ ಅರ್ಧವೂ ಇರುವುದಿಲ್ಲ. ‘ಟಾರ್ಕ್ ಇಲ್ಲದ ಎಂಜಿನ್ ಕಾರು ಎಳೆಯುತ್ತಾ?’ ಅಂತ ಕೇಳುವವರಿಗೆ ಉತ್ತರ ಸರಳ. ಒಂದು ವೇಗದಲ್ಲಿ ಚಕ್ರ ನೆಲವನ್ನು ಎಷ್ಟು ಬಲದಿಂದ ತಳ್ಳುತ್ತದೆ ಅಂದರೆ, ಪವರನ್ನು ವೇಗದಿಂದ ಭಾಗಿಸಿದಷ್ಟು. ಎರಡೂವರೆ ಪಟ್ಟು ಜೋರಾಗಿ ಸುತ್ತುವ ಎಂಜಿನ್ನಿಗೆ ಎರಡೂವರೆ ಪಟ್ಟು ಇಳಿಸುವ ಗೇರು ಹಾಕಬಹುದು, ಟಾರ್ಕ್ ಅಷ್ಟೇ ಪಟ್ಟು ಹಿಗ್ಗುತ್ತದೆ. ಕಾಗದದ ಮೇಲಿನ ಟಾರ್ಕ್ ಅಂಕಿ ನೋಡಿ ಎಂಜಿನ್ ಆರಿಸಬೇಡಿ. ಹಾಗಂತ ಬೈಕ್ ಎಂಜಿನ್ ಎಲ್ಲರಿಗೂ ಒಗ್ಗುವುದಿಲ್ಲ. ರಿವರ್ಸ್ ಗೇರ್ ಇರುವುದಿಲ್ಲ, ಬೇರೆ ಏರ್ಪಾಡು ಮಾಡಬೇಕು. 200 ಕೆಜಿಯ ಬೈಕಿಗೆಂದು ಮಾಡಿದ ಕ್ಲಚ್ಚು ಅದರ ಮೂರು ಪಟ್ಟು ಭಾರ ಎಳೆಯಬೇಕು.

ಹಗುರ ಕಾರಿಗೆ ದೊಡ್ಡ ಎಂಜಿನ್ ಬೇಕೇ ಬೇಕು ಅನ್ನುವುದೂ ತಪ್ಪು. 1957ರಲ್ಲಿ ಲೋಟಸ್ ಕಂಪನಿಯ ಸ್ಥಾಪಕ ಕಾಲಿನ್ ಚಾಪ್ಮನ್ ತಂದ ಹಗುರ ಕಾರು ಲೋಟಸ್ ಸೆವೆನ್‌ನ ಮೊದಲ ಮಾದರಿಗಳಲ್ಲಿ ಇದ್ದದ್ದು ಫೋರ್ಡ್‌ನ 1,172 ಸಿಸಿ ಸೈಡ್‌ವಾಲ್ವ್ ಎಂಜಿನ್. 40 ಎಚ್‌ಪಿ ಅಷ್ಟೇ. ಆಗ ಬ್ರಿಟನ್ನಿನಲ್ಲಿ ಹೊಸ ಕಾರಿನ ಮೇಲೆ ಖರೀದಿ ತೆರಿಗೆ ಇತ್ತು, ಬಿಡಿಭಾಗಗಳ ಕಿಟ್ಟಿನ ಮೇಲೆ ಇರಲಿಲ್ಲ. ಜನ ಕಿಟ್ ಕೊಂಡು ಮನೆಯಲ್ಲೇ ಜೋಡಿಸಿದರು. ಇವತ್ತಿನ ಮನೆಕಟ್ಟು ಸ್ಪೋರ್ಟ್ಸ್ ಕಾರುಗಳಲ್ಲಿ ಬಹುಪಾಲು ಅದರದೇ ಸಂತಾನ. ಈ ಆಕಾರಕ್ಕೆ ಒಂದು ದೌರ್ಬಲ್ಯವಿದೆ. ತೆರೆದ ಬಾಡಿ, ಹೊರಗೆ ನಿಂತ ಚಕ್ರಗಳು. ಗಾಳಿ ಇದನ್ನು ಗೋಡೆಯಂತೆ ತಡೆಯುತ್ತದೆ. ಗಾಳಿಯನ್ನು ಸೀಳಲು ಬೇಕಾದ ಪವರ್ ವೇಗದ ಘನಕ್ಕೆ ಅನುಗುಣವಾಗಿ ಏರುವುದರಿಂದ, ಎಂಜಿನ್ ಪವರ್ ದುಪ್ಪಟ್ಟಾದರೂ ಗರಿಷ್ಠ ವೇಗ ಏರುವುದು ನೂರಕ್ಕೆ 26ರಷ್ಟು ಮಾತ್ರ. ಆದ್ದರಿಂದ ಇಂಥ ಕಾರಿಗೆ 1.6ರಿಂದ 2 ಲೀಟರ್‌ನ ಹಗುರ ಪೆಟ್ರೋಲ್ ಎಂಜಿನ್ ಧಾರಾಳ. ಎಂಜಿನ್ನನ್ನು ಉದ್ದಕ್ಕೆ ಕೂರಿಸುವುದಾದರೆ ಅದಕ್ಕೆ ಹೊಂದುವ ಹಿಂಚಕ್ರ ಚಾಲನೆಯ ಗೇರ್‌ಬಾಕ್ಸ್ ಸಿಗುತ್ತದೋ ಅನ್ನುವುದೇ ಮೊದಲ ಪ್ರಶ್ನೆ. 1989ರ ಮಜ್ದಾ ಎಂಎಕ್ಸ್-5ರಂಥ ಕಾರಿನಿಂದ ತೆಗೆದರೆ ಎರಡೂ ಜೋಡಿಯಾಗಿಯೇ ಬರುತ್ತವೆ. ಮುಂಚಕ್ರ ಚಾಲನೆಯ ಕಾರಿನ ಅಡ್ಡ ಎಂಜಿನ್ ಸಿಕ್ಕಿದ್ದರೆ ಅದನ್ನು ಗೇರ್‌ಬಾಕ್ಸ್ ಸಮೇತ ಸೀಟಿನ ಹಿಂದಕ್ಕೆ ಒಯ್ಯುವುದು ಸುಲಭ. ಫಿಯೆಟ್ ಎಕ್ಸ್1/9 ಅದನ್ನು 1972ರಲ್ಲೇ ಮಾಡಿ ತೋರಿಸಿತು.

ಈಗ ಮತ್ತೆ ಚಕ್ರಕ್ಕೆ. ಹಗುರ ಚಕ್ರದ ಹುಡುಕಾಟ ಕಾರಿಗಿಂತ ಹಳೆಯದು. 1808ರಲ್ಲಿ ಇಂಗ್ಲೆಂಡಿನ ಜಾರ್ಜ್ ಕೇಲಿ ತನ್ನ ಹಾರುವ ಯಂತ್ರಕ್ಕೆ ಹಗುರ ಚಕ್ರ ಬೇಕೆಂದು ಹೊಸ ಉಪಾಯ ಹೂಡಿದ. ಮರದ ದಪ್ಪ ಅರಗಳು ಭಾರವನ್ನು ಕೆಳಗಿನಿಂದ ಹೊರುತ್ತಿದ್ದವು. ಕೇಲಿ ಅವನ್ನು ತೆಗೆದು, ಬಿಗಿದು ಕಟ್ಟಿದ ತೆಳು ಎಳೆಗಳಿಂದ ಹಬ್ ತೂಗುವ ಹಾಗೆ ಮಾಡಿದ. ಎಳೆತಕ್ಕೆ ನಿಲ್ಲುವ ತಂತಿ ತೆಳ್ಳಗಿದ್ದರೂ ಸಾಕು, ಒತ್ತಡಕ್ಕೆ ನಿಲ್ಲುವ ಕೋಲು ದಪ್ಪ ಇರಲೇಬೇಕು. ಎಂಥ ಚೆಂದದ ಯೋಚನೆ! ಸೈಕಲ್ ಚಕ್ರ ಇವತ್ತಿಗೂ ಅದರ ಮೇಲೇ ನಿಂತಿದೆ. ನೂರಕ್ಕೂ ಜಾಸ್ತಿ ವರ್ಷ ಕಳೆದು 1924ರಲ್ಲಿ ಬುಗಾಟಿ ಟೈಪ್ 35, ಬ್ರೇಕ್ ಡ್ರಮ್ ಸಮೇತ ಎರಕ ಹೊಯ್ದ ಅಲ್ಯೂಮಿನಿಯಂ ಚಕ್ರ ಹಾಕಿಕೊಂಡು ಫ್ರಾನ್ಸಿನ ಲಿಯೋನ್ ರೇಸಿಗೆ ಬಂತು. ಚಕ್ರ ಚೆನ್ನಾಗೇ ಇತ್ತು. ಟೈರುಗಳ ಟ್ರೆಡ್ ಕಿತ್ತು ಬಂದು ರೇಸು ಕೈತಪ್ಪಿತು. ಟೈರನ್ನು ಮರೆತು ರಿಮ್ ಆರಿಸುವವರು ಈ ರೇಸನ್ನು ನೆನಪಿಡಬೇಕು.

ಚಕ್ರ ಹಗುರವಾಗಿರಬೇಕು ಅನ್ನುವುದಕ್ಕೆ ನಿಜವಾದ ಕಾರಣ ಉಬ್ಬುತಗ್ಗಿನ ರಸ್ತೆ. ಸ್ಪ್ರಿಂಗಿನ ಕೆಳಗಿರುವ ಭಾಗ, ಅಂದರೆ ಚಕ್ರ, ಹಬ್, ಬ್ರೇಕ್, ಉಬ್ಬಿಗೆ ತಗುಲಿದಾಗ ಮೇಲಕ್ಕೆ ಚಿಮ್ಮುತ್ತದೆ. ಅದನ್ನು ಮತ್ತೆ ನೆಲಕ್ಕೆ ಒತ್ತುವುದು ಸ್ಪ್ರಿಂಗ್. ಚಕ್ರ ಭಾರ ಇದ್ದಷ್ಟೂ ಮರಳುವುದು ತಡ, ಅಷ್ಟು ಹೊತ್ತು ಗ್ರಿಪ್ ಇಲ್ಲ. 1,500 ಕೆಜಿ ಕಾರಿನ ಒಂದು ಮೂಲೆಯಲ್ಲಿ 375 ಕೆಜಿ ಇದ್ದರೆ ಅದರಲ್ಲಿ ಸ್ಪ್ರಿಂಗಿನ ಕೆಳಗಿನದು 40 ಇರಬಹುದು. ನೂರಕ್ಕೆ 11ರಷ್ಟೂ ಆಗಲಿಲ್ಲ. 600 ಕೆಜಿ ಕಾರಿನ ಮೂಲೆಯಲ್ಲಿ 150 ಇದ್ದು, ಅದೇ ಭಾರಿ ಚಕ್ರ, ಬ್ರೇಕು ತಂದು ಸಿಕ್ಕಿಸಿದರೆ ನೂರಕ್ಕೆ 27. ಕಾರಿನ ಮೃದು ಸ್ಪ್ರಿಂಗು ಅದನ್ನು ಹಿಡಿತದಲ್ಲಿಡಲು ಹೆಣಗುತ್ತದೆ. ದೊಡ್ಡ ಕಾರಿನ 17 ಇಂಚಿನ ಚಕ್ರ ಹಗುರ ಕಾರಿಗೆ ಹೊಂದದಿರುವುದು ಇದಕ್ಕೆ. ದೊಡ್ಡ ಕಾರಿನಲ್ಲಿ ಆ ದೊಡ್ಡ ರಿಮ್ ಬೇಕಾಗುವುದು ಅದರೊಳಗೆ ದೊಡ್ಡ ಬ್ರೇಕ್ ಕೂರಿಸಲು. ಅರ್ಧಕ್ಕಿಂತ ಕಡಿಮೆ ತೂಕದ ಕಾರಿಗೆ ಅಷ್ಟು ಬ್ರೇಕೇ ಬೇಡ. 1959ರ ಮಿನಿಯ ಚಕ್ರ 10 ಇಂಚಿನದು. ಅದರ ಕೂಪರ್ ಎಸ್ ಮಾದರಿ 1964, 1965, 1967ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದದ್ದು ಅದೇ ಪುಟಾಣಿ ಚಕ್ರಗಳ ಮೇಲೆ.

ಟೈರಿನ ಅಳತೆ ಕೊನೆಯ ಗೇರು ಅನ್ನುವುದನ್ನೂ ಮರೆಯುವ ಹಾಗಿಲ್ಲ. 195/50 ಆರ್15 ಟೈರಿನ (ಅಗಲ 195 ಮಿಲಿಮೀಟರ್, ಪಕ್ಕದ ಎತ್ತರ ಅಗಲದ ನೂರಕ್ಕೆ 50, ರಿಮ್ 15 ಇಂಚು) ವ್ಯಾಸ 576 ಮಿಲಿಮೀಟರ್. 205/55 ಆರ್16 ಟೈರಿನದು 632. ರಿಮ್ ನೋಡಿದರೆ ಒಂದಿಂಚೇ ವ್ಯತ್ಯಾಸ. ಆದರೆ ಎರಡನೆಯದನ್ನು ಹಾಕಿದ ಕ್ಷಣ ಎಲ್ಲ ಗೇರುಗಳಲ್ಲೂ ಚಕ್ರದ ತಳ್ಳುವ ಬಲ ನೂರಕ್ಕೆ 9ರಷ್ಟು ಇಳಿಯುತ್ತದೆ. ಎಂಜಿನ್ನಿನಲ್ಲಿ ಅಷ್ಟು ಟಾರ್ಕ್ ಹೊಸದಾಗಿ ಹುಟ್ಟಿಸಲು ಕ್ಯಾಮ್‌ಶಾಫ್ಟ್, ಎಕ್ಸಾಸ್ಟ್ ಅಂತ ಎಷ್ಟು ಖರ್ಚಿದೆ ಯೋಚಿಸಿ. ಮೊದಲ ಅಳತೆಗೆ ಬದಲಿ ಬೇಕಾದರೆ 185/60 ಆರ್14 ಇದೆ, ವ್ಯಾಸ 578. ರಿಮ್ ಒಂದಿಂಚು ಚಿಕ್ಕದು, ಗೇರಿಂಗ್ ಹೆಚ್ಚುಕಮ್ಮಿ ಅದೇ. ರಿಮ್‌ನ ಬೋಲ್ಟ್ ತೂತುಗಳ ಲೆಕ್ಕ ಹಬ್ ಯಾವ ಕಾರಿನದು ಅನ್ನುವುದರ ಮೇಲೆ ನಿಂತಿದೆ, ಅದರಲ್ಲಿ ಆಯ್ಕೆ ಕಡಿಮೆ. ಆಫ್‌ಸೆಟ್, ಅಂದರೆ ರಿಮ್ ಹಬ್‌ನಿಂದ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಅನ್ನುವುದನ್ನು ಮಾತ್ರ ಸರಿಯಾಗಿ ನೋಡಿಕೊಳ್ಳಿ. ಚಕ್ರ ಹೊರಚಾಚಿದರೆ ಸ್ಟಿಯರಿಂಗ್ ಪ್ರತಿ ಗುಂಡಿಗೂ ಕೈ ಎಳೆಯುತ್ತದೆ, ಬೇರಿಂಗ್ ಬೇಗ ಸವೆಯುತ್ತದೆ.

ಅಗಲ ಟೈರಿನ ಆಸೆಗೂ ಒಂದು ಮಿತಿ ಇದೆ. ನೆಲಕ್ಕೆ ತಾಗುವ ಜಾಗ ಸುಮಾರಾಗಿ ಭಾರವನ್ನು ಗಾಳಿಯ ಒತ್ತಡದಿಂದ ಭಾಗಿಸಿದಷ್ಟು. ಅಗಲ ಮಾಡಿದರೆ ಆ ಜಾಗದ ಆಕಾರ ಬದಲಾಗುತ್ತದೆ, ವಿಸ್ತಾರ ಅಷ್ಟೇನೂ ಹೆಚ್ಚುವುದಿಲ್ಲ. ಹಗುರ ಕಾರಿನಡಿ ತೀರಾ ಅಗಲದ ಟೈರು ಬಿಸಿಯೇ ಆಗುವುದಿಲ್ಲ, ತಣ್ಣಗಿನ ರಬ್ಬರು ಸರಿಯಾಗಿ ಕಚ್ಚುವುದಿಲ್ಲ. ಹಗುರ ಕಾರಿಗೆ ಇಲ್ಲಿ ಒಂದು ವರವೂ ಇದೆ. ಟೈರಿನ ಮೇಲೆ ಭಾರ ಹೆಚ್ಚಿದಷ್ಟೂ ಪ್ರತಿ ಕೆಜಿಗೆ ಸಿಗುವ ಗ್ರಿಪ್ ಕುಗ್ಗುತ್ತದೆ. ಭಾರ ಇಳಿದರೆ ಅದೇ ಟೈರು ತನ್ನ ಪಾಲಿಗಿಂತ ಜಾಸ್ತಿ ಹಿಡಿಯುತ್ತದೆ.

ಆ ಗ್ರಿಪ್ ತಿರುಗಿ ಎಂಜಿನ್ನಿನ ಮೇಲೇ ಬರುತ್ತದೆ. ಒಳ್ಳೆ ಟೈರು ಹಾಕಿದ ಹಗುರ ಕಾರು ತಿರುವಿನಲ್ಲಿ ಒಂದು ಜಿ ಬಲ ಮುಟ್ಟುವುದು ಕಷ್ಟವಲ್ಲ. ಪಕ್ಕದ ಬಲ ಗುರುತ್ವದಷ್ಟೇ ಆದಾಗ ಸಂಪ್‌ನಲ್ಲಿರುವ, ಅಂದರೆ ಎಂಜಿನ್ನಿನ ತಳದ ತೊಟ್ಟಿಯಲ್ಲಿರುವ, ಎಣ್ಣೆಯ ಮೇಲ್ಮೈ 45 ಡಿಗ್ರಿ ವಾಲುತ್ತದೆ. ಎಣ್ಣೆಯೆಲ್ಲ ಒಂದು ಗೋಡೆ ಹತ್ತಿ ನಿಲ್ಲುತ್ತದೆ, ಪಂಪಿನ ಬಾಯಿ ಗಾಳಿ ಹೀರುತ್ತದೆ. ಬೇರಿಂಗ್ ಮತ್ತು ಕ್ರ್ಯಾಂಕ್‌ಶಾಫ್ಟ್ ನಡುವಿನ ಎಣ್ಣೆಯ ಪದರ ಹರಿದ ಮೇಲೆ ಎಂಜಿನ್ ಹಾಳಾಗಲು ಜಾಸ್ತಿ ಹೊತ್ತು ಬೇಡ. ಬೈಕಿನಲ್ಲಿ ಈ ತೊಂದರೆ ಇಲ್ಲ. ಬೈಕು ತಾನೇ ವಾಲುವುದರಿಂದ, ಬೀಸಿ ತಿರುಗಿಸಿದ ಬಕೆಟ್ಟಿನ ನೀರಿನ ಹಾಗೆ ಎಣ್ಣೆ ತಳದಲ್ಲೇ ಇರುತ್ತದೆ. ಅದೇ ಎಂಜಿನ್ನನ್ನು ವಾಲದ ಕಾರಿನಲ್ಲಿ ಕೂರಿಸಿದರೆ ರಕ್ಷಣೆ ಹೋಯಿತು. ಹಾಗಾಗಿ ಸಂಪ್‌ನೊಳಗೆ ಅಡ್ಡ ತಗಡುಗಳನ್ನು ಬೆಸೆದು ಎಣ್ಣೆ ಓಡದಂತೆ ತಡೆಯಬೇಕು. ರೇಸಿಗೆ ಹೋಗುವವರು ಎಣ್ಣೆಯನ್ನು ಬೇರೆ ಟ್ಯಾಂಕಿನಲ್ಲಿ ಇಡುವ ಡ್ರೈ ಸಂಪ್ ಹಾಕಿಸುವುದೇ ಸರಿ. ಅದರಿಂದ ಎಂಜಿನ್ ಕೆಳಗೂ ಕೂರುತ್ತದೆ.

ಮೂಲ ಸಂಪ್ ಇಟ್ಟುಕೊಂಡರೆ ಅದರ ಆಳ ಟೈರಿನ ತ್ರಿಜ್ಯದ ಜತೆ ಪೈಪೋಟಿಗೆ ಬೀಳುತ್ತದೆ. ಚಿಕ್ಕ ಚಕ್ರ ಕಾರನ್ನು ಕೆಳಗಿಳಿಸುತ್ತದೆ, ಆಳದ ಸಂಪ್ ನೆಲ ಕೆರೆಯುತ್ತದೆ. ಎಂಜಿನ್ ಮೌಂಟ್ ವೆಲ್ಡ್ ಮಾಡುವ ಮೊದಲು, ಆರಿಸಿದ ಟೈರುಗಳ ಮೇಲೆ ಚಾಸಿ ನಿಲ್ಲಿಸಿ, ಇಬ್ಬರನ್ನು ಒಳಗೆ ಕೂರಿಸಿ, ಸ್ಪ್ರಿಂಗ್ ಪೂರ್ತಿ ಅಮುಕಿದಾಗ ಸಂಪ್‌ನ ತಳಕ್ಕೂ ನೆಲಕ್ಕೂ ಎಷ್ಟು ಅಂತರ ಉಳಿಯುತ್ತದೆ ಅಂತ ಟೇಪಿನಲ್ಲಿ ಅಳೆದು ಬರೆದಿಟ್ಟುಕೊಳ್ಳಿ.