ವಾಟರ್‌ಪ್ರೂಫ್ ಶೂ ಒಳಗೂ ಕಾಲು ಯಾಕೆ ಒದ್ದೆ?

ಜೂನ್ ಬಂತೆಂದರೆ ಅಂಗಡಿಗಳಲ್ಲಿ, ಫೋನಿನ ಜಾಹೀರಾತುಗಳಲ್ಲಿ ಒಂದೇ ಮಾತು. ಹೆಂಗಸರಿಗೆ ವಾಟರ್‌ಪ್ರೂಫ್ ಸ್ನೀಕರ್, ವಾಟರ್‌ಪ್ರೂಫ್ ಬೆಲ್ಲಿ, ವಾಟರ್‌ಪ್ರೂಫ್ ಬೂಟು. ಸಾವಿರಾರು ರೂಪಾಯಿ ಕೊಟ್ಟು ತಂದವರು ಸ್ವಲ್ಪ ದಿನದಲ್ಲೇ ಗೊಣಗುತ್ತಾರೆ. ಕಾಲು ಒದ್ದೆ, ವಾಸನೆ ಬೇರೆ, ಒಣಗೋದೇ ಇಲ್ಲ. ಶೂ ಮೋಸದ್ದು ಅನ್ನುತ್ತಾರೆ. ಎಷ್ಟೋ ಸಲ ಶೂ ತನ್ನ ಕೆಲಸ ಸರಿಯಾಗಿಯೇ ಮಾಡಿರುತ್ತದೆ, ಆದರೆ ಅದು ನಮ್ಮ ಮಳೆಗೆ ಹೊಂದುವ ಕೆಲಸ ಅಲ್ಲ.

ನಾನು ಖಡಾಖಂಡಿತವಾಗಿ ಹೇಳುವುದು ಇಷ್ಟು. ನಮ್ಮ ಮಳೆಗಾಲಕ್ಕೆ ಎರಡೇ ಬಗೆ ಸರಿ. ಒಂದು, ನೀರನ್ನು ಪೂರ್ತಿ ತಡೆಯುವ ರಬ್ಬರ್ ಬೂಟು. ಇನ್ನೊಂದು, ನೀರನ್ನು ಒಳಗೆ ಬಿಟ್ಟು ಅಷ್ಟೇ ಬೇಗ ಹೊರಗೆ ಕಳಿಸುವ ತೆರೆದ ಚಪ್ಪಲಿ. ನಡುವೆ ಇರುವ ದುಬಾರಿ ‘ಉಸಿರಾಡುವ’ ಶೂಗಳೇ ನಮ್ಮಲ್ಲಿ ಜಾಸ್ತಿ ಸೋಲುವುದು.

ಮೊದಲು ನೀರು ಎಲ್ಲಿಂದ ಬರುತ್ತದೆ ನೋಡೋಣ. ಶೂವಿನ ಮೈಯಿಂದ ಬರುವುದು ಕಡಿಮೆ. ಹೊಲಿಗೆಯ ತೂತು, ಮೇಲಿನ ಬಾಯಿ, ಇವೆರಡೇ ದೊಡ್ಡ ದಾರಿ. ಮೂರನೆಯದನ್ನು ಯಾರೂ ಗಮನಿಸುವುದಿಲ್ಲ, ಅದು ನಮ್ಮ ಬಟ್ಟೆ. ಒದ್ದೆಯಾದ ಲೆಗಿಂಗ್ಸನ್ನು ಬೂಟಿನೊಳಗೆ ತುರುಕಿದರೆ ಅದು ದೀಪದ ಬತ್ತಿಯ ಹಾಗೆ ಕೆಲಸ ಮಾಡುತ್ತದೆ. ಹತ್ತಿಯ ಎಳೆಗಳ ನಡುವಿನ ಸಂದು ತೀರಾ ಸಣ್ಣದು, ಸಂದು ಸಣ್ಣದಾದಷ್ಟೂ ನೀರನ್ನು ಎಳೆದುಕೊಳ್ಳುವ ಬಲ ಜಾಸ್ತಿ. ಮೊಣಕಾಲ ಹತ್ತಿರ ಬಿದ್ದ ಮಳೆ ಎಳೆ ಹಿಡಿದು ಸೀದಾ ಪಾದಕ್ಕೆ ಇಳಿಯುತ್ತದೆ, ಬೂಟಿನಲ್ಲಿ ಒಂದು ತೂತು ಇಲ್ಲದಿದ್ದರೂ. ಪ್ಯಾಂಟಿನ ಅಂಚು ಬೂಟಿನ ಹೊರಗಿರಲಿ. ಇಲ್ಲವೇ ಬೂಟಿನ ಬಾಯಿಗಿಂತ ಮೇಲಕ್ಕೆ ಮಡಚಿರಲಿ. ಸೀರೆಗೂ ಇದೇ ಲೆಕ್ಕ.

ಇನ್ನು ಆ ‘ಉಸಿರಾಡುವ’ ಶೂ. ಇದರ ಹಿಂದಿನ ವಿಜ್ಞಾನ ನಿಜಕ್ಕೂ ಚಂದ. 1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ ಕಂಡುಹಿಡಿದ ಪಿಟಿಎಫ್‌ಇ ಎಂಬ ಪ್ಲಾಸ್ಟಿಕ್ಕು ನಮ್ಮ ನಾನ್‌ಸ್ಟಿಕ್ ತವಾದ ಮೇಲಿನ ಲೇಪ. 1969ರಲ್ಲಿ ಬಾಬ್ ಗೋರ್ ಅದನ್ನು ಬಿಸಿ ಮಾಡಿ ರಪ್ಪನೆ ಎಳೆದಾಗ ಅದು ಹರಿಯುವ ಬದಲು ಹಿಗ್ಗಿ, ಕಣ್ಣಿಗೆ ಕಾಣದ ಕೋಟ್ಯಂತರ ತೂತುಗಳ ಪೊರೆಯಾಯಿತು. ಇಂಥ ಶೂಗಳ ಒಳಗೆ ಹಾಕುವ ಗೋರ್‌ಟೆಕ್ಸ್ ಎಂಬ ಪೊರೆ ಹುಟ್ಟಿದ್ದು ಹಾಗೆ. ಪಿಟಿಎಫ್‌ಇಗೆ ನೀರು ಅಂಟುವುದಿಲ್ಲ, ತೂತು ಅಷ್ಟು ಸಣ್ಣದು, ಹಾಗಾಗಿ ಹನಿ ಒಳಗೆ ನುಗ್ಗಲಾರದು. ಆದರೆ ಬೆವರಿನ ಆವಿ ಬಿಡಿ ಬಿಡಿ ಅಣುಗಳಾಗಿರುವುದರಿಂದ ಸಲೀಸಾಗಿ ಹೊರಗೆ ಹೋಗುತ್ತದೆ.

ಹೋಗುತ್ತದೆ, ಆದರೆ ಸುಮ್ನೆ ಹೋಗುವುದಿಲ್ಲ. ಒಳಗಿನ ಆವಿಯ ಒತ್ತಡ ಹೊರಗಿನದಕ್ಕಿಂತ ಹೆಚ್ಚಿದ್ದರೆ ಮಾತ್ರ ಹೋಗುತ್ತದೆ. ಇಲ್ಲಿ ಸ್ವಲ್ಪ ಲೆಕ್ಕ ಹಾಕಲೇಬೇಕು. ಶೂ ಒಳಗೆ 34 ಡಿಗ್ರಿ ಶಾಖ, ಬೆವರಿನಿಂದ ತುಂಬಿದ ಗಾಳಿ ಅಂದುಕೊಳ್ಳಿ. ಅಲ್ಲಿನ ಆವಿಯ ಒತ್ತಡ ಸುಮಾರು 5.3 ಕಿಲೋಪಾಸ್ಕಲ್. ಯುರೋಪಿನ ಒಂದು ಚಳಿ ದಿನ, ಹೊರಗೆ 8 ಡಿಗ್ರಿ, ತೇವಾಂಶ ಶೇ. 80 ಇದ್ದರೆ ಹೊರಗಿನ ಒತ್ತಡ 0.9ರ ಆಸುಪಾಸು. ವ್ಯತ್ಯಾಸ 4.4. ಈಗ ಮಂಗಳೂರಿನ ಜುಲೈಗೆ ಬನ್ನಿ. 25 ಡಿಗ್ರಿ, ತೇವಾಂಶ ಶೇ. 95. ಹೊರಗೇ 3 ಕಿಲೋಪಾಸ್ಕಲ್ ಕೂತಿದೆ! ವ್ಯತ್ಯಾಸ 2.3 ಮಾತ್ರ. ಆವಿಯನ್ನು ಹೊರದಬ್ಬುವ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಇತ್ತ ಸೆಕೆಗೆ ಬೆವರು ಜಾಸ್ತಿ. ಅಂಗಾಲು ಮೈಯಲ್ಲೇ ಬೆವರಿನ ಗ್ರಂಥಿಗಳು ಅತಿ ದಟ್ಟವಾಗಿರುವ ಜಾಗಗಳಲ್ಲಿ ಒಂದು. ಮಳೆಯಲ್ಲಿ ಶೂವಿನ ಹೊರಗಿನ ಬಟ್ಟೆಯೂ ನೆನೆದು ನೀರು ಕುಡಿದರೆ ಪೊರೆಯ ಬಾಯಿಗೇ ಒದ್ದೆ ಕಂಬಳಿ ಹೊದಿಸಿದಂತಾಗುತ್ತದೆ. ಮಳೆಗಾಲದಲ್ಲಿ ಒಳಗೆ ಹರವಿದ ಬಟ್ಟೆ ಮೂರು ದಿನವಾದರೂ ಒಣಗದಿರುವುದಕ್ಕೂ ಇದೇ ಕಾರಣ, ಅಲ್ವಾ?

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಗುಂಡಿಗೆ ಕಾಲಿಟ್ಟು ಮೇಲಿನ ಬಾಯಿಂದ ನೀರು ನುಗ್ಗಿತು ಅಂದುಕೊಳ್ಳಿ. ಹನಿಯನ್ನು ಒಳಗೆ ಬಿಡದ ಪೊರೆ ಹೊರಗೂ ಬಿಡುವುದಿಲ್ಲ. ಮನೆ ಸೇರುವವರೆಗೂ ಆ ನೀರು ನಿಮ್ಮ ಜೊತೆಗೇ ಇರುತ್ತದೆ.

ಹಾಗಾದರೆ ಪೂರ್ತಿ ತಡೆಯುವ ಬೂಟು? ಇದರ ಚರಿತ್ರೆಗೂ ನಮಗೂ ಒಂದು ನಂಟಿದೆ. ಇಂಗ್ಲೆಂಡಿನಲ್ಲಿ ಇಂದಿಗೂ ಗಂಬೂಟಿಗೆ ವೆಲಿಂಗ್ಟನ್ ಅನ್ನುತ್ತಾರೆ. ಆ ಹೆಸರಿನ ಡ್ಯೂಕ್ ಬೇರೆ ಯಾರೂ ಅಲ್ಲ, 1799ರಲ್ಲಿ ಟಿಪ್ಪುವಿನ ಮೇಲಿನ ಯುದ್ಧಕ್ಕೆ ಬಂದು, ಶ್ರೀರಂಗಪಟ್ಟಣ ಬಿದ್ದ ಮೇಲೆ ದರಿಯಾ ದೌಲತ್‌ನಲ್ಲಿ ವಾಸವಿದ್ದ ಆರ್ಥರ್ ವೆಲ್ಲೆಸ್ಲಿ. ಅವನು ಆಮೇಲೆ ಲಂಡನ್ನಿನಲ್ಲಿ ಹೊಲಿಸಿಕೊಂಡದ್ದು ಚರ್ಮದ ಬೂಟು, ರಬ್ಬರಿನದಲ್ಲ. ಆಗಿನ ರಬ್ಬರ್ ಬಿಸಿಲಿಗೆ ಅಂಟಂಟಾಗಿ ಕರಗುತ್ತಿತ್ತು, ಚಳಿಗೆ ಸೆಟೆದುಕೊಂಡು ಬಿರಿಯುತ್ತಿತ್ತು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದ. ಗಂಧಕ ರಬ್ಬರಿನ ಉದ್ದುದ್ದ ಅಣುಸರಗಳನ್ನು ಅಲ್ಲಲ್ಲಿ ಒಂದಕ್ಕೊಂದು ಗಂಟು ಹಾಕಿತು. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಮೊದಲಿನಂತಾಗುತ್ತದೆ, ಬಿಸಿಲಿಗೂ ಕರಗುವುದಿಲ್ಲ. 1844ರಲ್ಲಿ ಪೇಟೆಂಟ್ ಸಿಕ್ಕಿತು, ಆದರೂ 1860ರಲ್ಲಿ ಅವನು ಸತ್ತದ್ದು ಸಾಲದಲ್ಲಿ. 1853ರಲ್ಲಿ ಹೈರಮ್ ಹಚಿನ್‌ಸನ್ ಫ್ರಾನ್ಸ್‌ನಲ್ಲಿ ಇದೇ ರಬ್ಬರಿನ ಬೂಟು ಮಾಡಲು ಕಾರ್ಖಾನೆ ಹಾಕಿದ. ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ಇಂಬಳ ತಪ್ಪಿಸಿಕೊಳ್ಳಲು ಹಾಕುವ ಗಂಬೂಟು ಆ ವಂಶದ್ದೇ.

ಗಂಬೂಟು ಅಂದರೆ ಕಪ್ಪಗೆ, ದಪ್ಪಗೆ, ಗದ್ದೆಗೆ ಮಾತ್ರ ಅನ್ನುವ ಕಾಲ ಹೋಯಿತು. ಹಿಮ್ಮಡಿ ಗಂಟಿನವರೆಗೆ ಬರುವ ಚೆಲ್ಸೀ ಮಾದರಿಯ ರಬ್ಬರ್ ಬೂಟು ಕುರ್ತಾ, ಜೀನ್ಸ್ ಎರಡಕ್ಕೂ ಒಪ್ಪುತ್ತದೆ, ಕಡುಹಸಿರು ಕಂದು ಬಣ್ಣಗಳಲ್ಲಿ ಆಫೀಸಿಗೂ ನಡೆಯುತ್ತದೆ. ಆದರೆ ರಬ್ಬರಿನಿಂದ ಬೆವರು ಹೊರಗೆ ಹೋಗುವುದೇ ಇಲ್ಲ. ದಾರಿಗೆ ಹಾಕಿಕೊಳ್ಳಿ, ಆಫೀಸಿನಲ್ಲಿ ಬಿಚ್ಚಿ ಬೇರೆ ಚಪ್ಪಲಿ ಹಾಕಿ. ಇಡೀ ದಿನ ಹಾಕಿದರೆ ಬೆರಳ ಸಂದಿಯಲ್ಲಿ ಕೆಸರು ಹುಣ್ಣಾಗುವ ಸಾಧ್ಯತೆ ಜಾಸ್ತಿ. ಕಾಲುಂಗುರ ಇರುವವರು ಅದನ್ನು ಹಾಕಿಕೊಂಡೇ ಅಂಗಡಿಯಲ್ಲಿ ನಡೆದು ನೋಡಬೇಕು, ಸಂಜೆ ಹೊತ್ತು ಹೋದರೆ ಇನ್ನೂ ಒಳ್ಳೆಯದು, ಆಗ ಪಾದ ಸ್ವಲ್ಪ ಊದಿರುತ್ತದೆ.

ಎರಡನೆಯ ಬಗೆ ನನಗೆ ಹೆಚ್ಚು ಇಷ್ಟ. ಇವಿಎ ಎಂಬ ಹಗುರ ವಸ್ತುವಿನ ಸ್ಯಾಂಡಲ್ ಅಥವಾ ತೂತುಗಳಿರುವ ಕ್ಲಾಗ್. ಇವಿಎ ಒಳಗಿನ ಗುಳ್ಳೆಗಳು ಒಂದೊಂದೂ ಬೇರೆ ಬೇರೆಯಾಗಿ ಮುಚ್ಚಿಕೊಂಡಿವೆ, ಒಂದರಿಂದ ಇನ್ನೊಂದಕ್ಕೆ ದಾರಿಯಿಲ್ಲ. ಅದಕ್ಕೇ ಅದು ನೀರು ಕುಡಿಯುವುದಿಲ್ಲ. ಕೊಡವಿದರೆ ಮುಗಿಯಿತು. ಒಂದೇ ಶರತ್ತು, ಹಿಮ್ಮಡಿಗೆ ಪಟ್ಟಿ ಇರಲೇಬೇಕು. ಹವಾಯಿ ಚಪ್ಪಲಿ ಹಾಕಿ ನಡೆದರೆ ಚೂಡಿದಾರದ ಹಿಂದೆಲ್ಲ ಕೆಸರಿನ ಚುಕ್ಕೆ ಯಾಕೆ ಅಂತ ಯೋಚಿಸಿದ್ದೀರಾ? ಹಿಮ್ಮಡಿ ಎತ್ತಿದಾಗ ಚಪ್ಪಲಿಯ ಹಿಂಭಾಗ ಕೆಸರಿಗೆ ಒಂದು ಕ್ಷಣ ಕಚ್ಚಿಕೊಂಡು ಹಿಂದೆ ಉಳಿಯುತ್ತದೆ. ಆಮೇಲೆ ಬಿಡಿಸಿಕೊಂಡು ಚಟ್ಟನೆ ಹಿಮ್ಮಡಿಗೆ ಬಡಿಯುತ್ತದೆ. ಆ ವೇಗಕ್ಕೆ ಅದರ ಮೇಲಿದ್ದ ನೀರು ಸೀದಾ ಬಟ್ಟೆಗೆ ಹಾರುತ್ತದೆ. ಪಟ್ಟಿ ಇದ್ದರೆ ಚಪ್ಪಲಿ ಹಿಂದೆ ಉಳಿಯುವುದೇ ಇಲ್ಲ.

ಆದರೆ ಕಾಲಲ್ಲಿ ಗಾಯವಿದ್ದರೆ, ಒಡೆದ ಹಿಮ್ಮಡಿ ಇದ್ದರೂ ಸರಿ, ನಿಂತ ನೀರಿಗೆ ತೆರೆದ ಚಪ್ಪಲಿ ಬೇಡವೇ ಬೇಡ. ಇಲಿಯ ಮೂತ್ರ ಸೇರಿದ ನೀರಿನಿಂದ ಇಲಿಜ್ವರದ ಬ್ಯಾಕ್ಟೀರಿಯಾ ಒಳಗೆ ಹೋಗುವುದು ಹೆಚ್ಚಾಗಿ ಅಂಥ ಬಿರುಕುಗಳಿಂದ. ಅಂಥ ದಿನ ಉದ್ದ ಗಂಬೂಟೇ ಸರಿ.

ಇಷ್ಟೆಲ್ಲ ನೋಡಿಯೂ ಅಟ್ಟೆಯ ಅಡಿ ತಿರುಗಿಸಿ ನೋಡದೆ ಕೊಳ್ಳುವವರೇ ಜಾಸ್ತಿ. ಒದ್ದೆ ಟೈಲ್ಸ್ ಮೇಲೆ ಹಿಮ್ಮಡಿ ಊರಿದ ಕ್ಷಣದಲ್ಲೇ ಅಡಿಯಲ್ಲಿರುವ ತೆಳು ನೀರಿನ ಪದರ ಪಕ್ಕಕ್ಕೆ ಹೋಗಬೇಕು, ಇಲ್ಲದಿದ್ದರೆ ರಬ್ಬರ್ ನೆಲವನ್ನು ಮುಟ್ಟುವುದೇ ಇಲ್ಲ, ನೀವು ನೀರಿನ ಮೇಲೆ ನಿಂತಿರುತ್ತೀರಿ. ದೊಡ್ಡ ದೊಡ್ಡ ಉಬ್ಬುಗಳು, ಅವುಗಳ ನಡುವೆ ಆಳವಾದ ಸಂದುಗಳು ಕೆಸರಿಗೆ ಒಳ್ಳೆಯವು. ನುಣುಪು ನೆಲಕ್ಕೆ ಬೇಕಾದದ್ದು ಒತ್ತೊತ್ತಾದ ಸಣ್ಣ ಸೀಳುಗಳು. 1935ರಲ್ಲಿ ಪಾಲ್ ಸ್ಪೆರ್ರಿ ತನ್ನ ನಾಯಿ ಮಂಜುಗಡ್ಡೆಯ ಮೇಲೆ ಜಾರದೆ ಓಡುವುದನ್ನು ಕಂಡು, ಅದರ ಪಾದದ ಗೆರೆಗಳಂತೆ ರಬ್ಬರನ್ನು ಸೀಳಿ ದೋಣಿಯವರಿಗೆ ಶೂ ಮಾಡಿದ. ಅಟ್ಟೆಯನ್ನು ಉಗುರಿನಿಂದ ಒತ್ತಿ, ಸ್ವಲ್ಪ ಒಳಗೆ ಹೋದರೆ ಮೆದು ರಬ್ಬರ್, ಅದು ಹಿಡಿಯುತ್ತದೆ. ಗಟ್ಟಿ, ಹೊಳೆಯುವ ಪ್ಲಾಸ್ಟಿಕ್ ಅಟ್ಟೆಯ ಜೆಲ್ಲಿ ಬೆಲ್ಲಿ ಎಷ್ಟೇ ಚಂದ ಇರಲಿ, ಮೆಟ್ರೋ ಮೆಟ್ಟಿಲಿಗೆ ಬೇಡ. ಎತ್ತರ ಬೇಕೆಂದರೆ ಪೆನ್ಸಿಲ್ ಹೀಲ್ ಬಿಟ್ಟು ವೆಡ್ಜ್ ತೆಗೆದುಕೊಳ್ಳಿ, ಸೀರೆಯ ಅಂಚೂ ನೀರಿನಿಂದ ಮೇಲಿರುತ್ತದೆ.

ಹೋದ ವರ್ಷದ್ದನ್ನು ಕಪಾಟಿನಿಂದ ತೆಗೆಯುವವರು ಮಳೆಗೆ ಮುಂಚೆ ಒಂದು ಕೆಲಸ ಮಾಡಿ. ಪಿಯು, ಅಂದರೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ಅಟ್ಟೆಗಳಲ್ಲಿ ಕೆಲವು ಬಗೆಯವು ಗಾಳಿಯ ತೇವಕ್ಕೇ ನಿಧಾನವಾಗಿ ಒಡೆಯುತ್ತವೆ, ನೀರಿನ ಅಣು ಅವುಗಳ ಸರವನ್ನು ಕೊಂಡಿ ಕೊಂಡಿಯಾಗಿ ಕತ್ತರಿಸುತ್ತದೆ. ಹಾಕದೆ ಇಟ್ಟ ಮಾತ್ರಕ್ಕೆ ಅದು ಹೊಸದಾಗಿ ಉಳಿಯುವುದಿಲ್ಲ. ಹೆಬ್ಬೆರಳಿನಿಂದ ಒತ್ತಿ ಬಗ್ಗಿಸಿ ನೋಡಿ. ಅಂಟಂಟಾಗಿದ್ದರೆ, ಇಲ್ಲವೇ ಪುಡಿ ಉದುರಿದರೆ ಅದನ್ನು ಹಾಕಿಕೊಂಡು ಬಸ್ಸಿಗೆ ಓಡಬೇಡಿ, ನಡುರಸ್ತೆಯಲ್ಲೇ ಅಟ್ಟೆ ಕಳಚಿಕೊಳ್ಳುತ್ತದೆ.