ಟಿವಿಯಲ್ಲಿ ಚುಕ್ಕಿ ಬಂದರೆ ಸ್ಟೆಬಿಲೈಜರ್ ತರಬೇಡಿ

ಹಳೇ ಪಿಕ್ಚರ್ ಟ್ಯೂಬ್ ಟಿವಿ ಇಟ್ಟುಕೊಂಡವರು ನನ್ನ ಹತ್ತಿರ ತರುವ ದೂರು ಹೆಚ್ಚುಕಡಿಮೆ ಒಂದೇ. "ಮಿಕ್ಸಿ ಹಾಕಿದ್ರೆ ಸ್ಕ್ರೀನ್ ತುಂಬಾ ಚುಕ್ಕಿ ಸಾರ್. ಸ್ಟೆಬಿಲೈಜರ್ ಹಾಕಿಸಿದ್ವಿ, ಆದ್ರೂ ಹೋಗ್ಲಿಲ್ಲ. ಟಿವಿ ಬಿಚ್ಚಿ ನೋಡಿ." ಅಷ್ಟು ಹೊತ್ತಿಗೆ ದುಡ್ಡು ಹೋಗಿರುತ್ತದೆ. ಕೆಲವರ ಟಿವಿಯಲ್ಲಂತೂ ಚೆನ್ನಾಗಿದ್ದ, ಚಾನೆಲ್ ಹಿಡಿಯುವ ಟ್ಯೂನರನ್ನೇ ಯಾರೋ ಕಿತ್ತು ಬೇರೆ ಹಾಕಿರುತ್ತಾರೆ. ನನಗೆ ಬೇಜಾರಾಗುವುದು ಇಲ್ಲೇ. ಆ ಟಿವಿಗೆ ಏನೂ ಆಗಿರುವುದಿಲ್ಲ.

ಸ್ಟೆಬಿಲೈಜರ್ ಇರುವುದು ವೋಲ್ಟೇಜ್ ಏರಿಳಿತಕ್ಕೆ. ಮಿಕ್ಸಿ ಕೊಡುವ ಕಾಟ ವೋಲ್ಟೇಜಿನದ್ದಲ್ಲ, ರೇಡಿಯೊ ತರಂಗದ್ದು. ಈ ಮಾತನ್ನು ಎಷ್ಟು ಸಲ ಹೇಳಿದರೂ ಜನರಿಗೆ ನಂಬಿಕೆ ಬರುವುದಿಲ್ಲ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಮಿಕ್ಸಿ, ಡ್ರಿಲ್, ವ್ಯಾಕ್ಯೂಮ್ ಕ್ಲೀನರ್, ಮೋಟಾರ್ ಹಾಕಿದ ಹೊಲಿಗೆ ಯಂತ್ರ, ಇವುಗಳ ಮೋಟಾರಿನಲ್ಲಿ ಎರಡು ಕಾರ್ಬನ್ ಬ್ರಷ್ ಇರುತ್ತವೆ. ಕಮ್ಯುಟೇಟರ್ ಅನ್ನುವ, ತಾಮ್ರದ ಪಟ್ಟಿ ಜೋಡಿಸಿದ ತಿರುಗುವ ಉರುಳೆಯ ಮೇಲೆ ಅವು ಉಜ್ಜುತ್ತಲೇ ಇರುತ್ತವೆ. ಒಂದೊಂದು ತಾಮ್ರದ ಪಟ್ಟಿ ದಾಟುವಾಗಲೂ ಸಣ್ಣ ಕಿಡಿ. ಕತ್ತಲಲ್ಲಿ ಮೋಟಾರಿನ ಗಾಳಿ ಕಿಂಡಿಯೊಳಗೆ ನೋಡಿದರೆ ಆ ನೀಲಿ ಕಿಡಿ ಕಣ್ಣಿಗೇ ಕಾಣುತ್ತದೆ. ಪ್ರತಿ ಕಿಡಿಯೂ ಒಂದು ಪುಟ್ಟ ಟ್ರಾನ್ಸ್‌ಮಿಟರ್. ಅದಕ್ಕೆ ಇಂಥದ್ದೇ ಫ್ರೀಕ್ವೆನ್ಸಿ ಅಂತ ಇಲ್ಲ, ಎಲ್ಲ ಕಡೆಗೂ ಚೆಲ್ಲುತ್ತದೆ. ಮನೆಯ ವೈರಿಂಗೇ ಅದಕ್ಕೆ ಆಂಟೆನಾ ಆಗುತ್ತದೆ. ಹಳೇ ಟಿವಿಗಳ ಕೆಳಗಿನ ಚಾನೆಲ್‌ಗಳು 47ರಿಂದ 68 ಮೆಗಾಹರ್ಟ್ಸ್ ಒಳಗೆ ಬರುತ್ತವೆ, ಕಿಡಿಯ ಕಾಟ ಅಲ್ಲೇ ಜಾಸ್ತಿ. 174 ಮೆಗಾಹರ್ಟ್ಸ್‌ಗಿಂತ ಮೇಲಿನ ಚಾನೆಲ್‌ಗಳಲ್ಲಿ ಅದೇ ಮಿಕ್ಸಿ ಅಷ್ಟು ತೊಂದರೆ ಕೊಡುವುದಿಲ್ಲ.

ಯಾವುದು ಕಾರ್ಯಕ್ರಮ, ಯಾವುದು ಕಿಡಿ ಅಂತ ಆಂಟೆನಾಗೆ ಗೊತ್ತಾಗುವುದಿಲ್ಲ. ಎರಡನ್ನೂ ಹಿಡಿದು ಒಳಗೆ ಕಳಿಸುತ್ತದೆ. ಪಕ್ಕದಲ್ಲಿ ಗಲಾಟೆ ನಡೀತಿದೆ ಅಂತ ಕಿವಿಗೆ ಔಷಧಿ ಹಾಕಿಕೊಂಡರೆ ಏನು ಪ್ರಯೋಜನ? ಸ್ವಲ್ಪ ಗದ್ದಲ ಕರೆಂಟ್ ವೈರಿನಿಂದಲೂ ಬರುತ್ತದೆ, ಇಲ್ಲ ಅನ್ನುವುದಿಲ್ಲ. ಅದಕ್ಕೆ ಆ ಗದ್ದಲ ಸೋಸುವ ಲೈನ್ ಫಿಲ್ಟರ್ ಬೇಕು. ಟ್ರಾನ್ಸ್‌ಫಾರ್ಮರ್ ಮತ್ತು ರಿಲೇ ಇರುವ ಸ್ಟೆಬಿಲೈಜರ್ ಆ ಕೆಲಸಕ್ಕೆ ಮಾಡಿದ್ದಲ್ಲ.

ನಿಮಗೆ ಅನುಮಾನವಿದ್ದರೆ ಆಂಟೆನಾ ವೈರ್ ಕಿತ್ತು, ಒಂದು ಡಿವಿಡಿ ಪ್ಲೇಯರನ್ನು ಹಳದಿ ಪಿನ್ನಿನ ಏವಿ ವೈರಿನಲ್ಲಿ ಜೋಡಿಸಿ. ಈಗ ಮಿಕ್ಸಿ ಓಡಿಸಿ. ಚಿತ್ರ ಚೊಕ್ಕವಾಗಿ ಬಂತಾ? ಹಾಗಾದರೆ ಕಾಟ ಬರುತ್ತಿರುವುದು ಆಂಟೆನಾ ದಾರಿಯಿಂದ. ಸೆಟ್‌ಟಾಪ್ ಬಾಕ್ಸನ್ನು ಇನ್ನೂ ಆಂಟೆನಾ ತೂತಿಗೇ ಸಿಕ್ಕಿಸಿಕೊಂಡಿದ್ದರೆ ಅದನ್ನೂ ಏವಿಗೆ ಬದಲಾಯಿಸಿ. ಎಷ್ಟೋ ಮನೆಗಳಲ್ಲಿ ತೊಂದರೆ ಅಷ್ಟಕ್ಕೇ ಮುಗಿಯುತ್ತದೆ.

ಒಂದು ಮನೆಯ ವಿಷಯ ಹೇಳಲೇಬೇಕು. ಆ ಮನೆಯ ಹೆಂಗಸು ಬಟ್ಟೆ ಹೊಲಿಯುತ್ತಿದ್ದರು. "ಇವಳು ಮೆಷಿನ್ ತುಳಿದ್ರೆ ಸಾಕು, ಟಿವಿ ಹೋಯ್ತು ಸಾರ್" ಅಂತ ಗಂಡ ದೂರಿದರು. ಮಕ್ಕಳೂ ಅಷ್ಟೇ, ಅಮ್ಮ ಮೆಷಿನ್ ಮುಂದೆ ಕೂತರೆ ಕೂಗಾಡುತ್ತಿದ್ದರು. ಪಾಪ, ಆಕೆ ಎಲ್ಲರೂ ಮಲಗಿದ ಮೇಲೆ ಹೊಲಿಯಲು ಕೂರುತ್ತಿದ್ದರು. ನಾನು ಹೋದಾಗ ಪೆಡಲ್ ಒತ್ತಲು ಹೇಳಿದೆ. ಮೆತ್ತಗೆ ಒತ್ತಿದರೆ ಚುಕ್ಕಿಗಳು ಅಲ್ಲೊಂದು ಇಲ್ಲೊಂದು, ಜೋರಾಗಿ ಒತ್ತಿದರೆ ಗೆರೆಗೆರೆಯಾಗಿ ಒತ್ತೊತ್ತು. ಮೋಟಾರಿನ ಕಿಡಿಯೇ, ಅನುಮಾನವಿಲ್ಲ. ಆದರೆ ಟಿವಿ ಹಿಂದೆ ಕೈ ಹಾಕಿ ನೋಡಿದರೆ ಆಂಟೆನಾ ಕೇಬಲ್ಲಿಗೆ ಪಿನ್ನೇ ಇಲ್ಲ. ಕೇಬಲ್ಲಿನ ಹೊರಸುತ್ತಿನ ತಂತಿ ಜಾಲರಿಯನ್ನು ಹಿಂದಕ್ಕೆ ಮಡಚಿ, ನಡುವಿನ ತಾಮ್ರದ ತಂತಿಯನ್ನಷ್ಟೇ ತೂತಿಗೆ ತುರುಕಿದ್ದರು.

ಈ ಜಾಲರಿ ವಿಷಯವನ್ನು ದಯವಿಟ್ಟು ಗಮನಿಸಿ. ಕೋಆಕ್ಸಿಯಲ್ ಕೇಬಲ್ ಅಂತ ತರುವುದೇ ಆ ಜಾಲರಿಗಾಗಿ. ಹೊರಗಿನ ಗದ್ದಲವನ್ನು ಅದು ತಡೆಯಬೇಕು. ಟಿವಿ ಕಡೆ ಅದನ್ನು ಕೂಡಿಸದೆ ಬಿಟ್ಟರೆ, ತಡೆಯುವುದು ಹೋಗಲಿ, ಅದೇ ಗದ್ದಲ ಹಿಡಿದು ತರಲು ಶುರು ಮಾಡುತ್ತದೆ. ಸರಿಯಾದ ಪಿನ್ ಹಾಕಿ ಜಾಲರಿ ಕೂಡಿಸಿದೆ. ಮತ್ತೆ ಪೆಡಲ್ ಒತ್ತಿಸಿದಾಗ ಒಂದು ಚಾನೆಲ್ಲಿನಲ್ಲಿ ಮಾತ್ರ ನಾಲ್ಕಾರು ಚುಕ್ಕಿ ಉಳಿದಿದ್ದವು. ಸವೆದಿದ್ದ ಬ್ರಷ್ ಬದಲಾಯಿಸಿದ ಮೇಲೆ ಅವೂ ಹೋದವು. ಅಷ್ಟು ದಿನ ಬೈಸಿಕೊಂಡಿದ್ದ ಆಕೆಯ ಮುಖ ನೋಡಿ ನನಗೆ ಸಮಾಧಾನವಾಯಿತು. ಚಪ್ಪಟೆ ಜೋಡಿ ವೈರಿನ ಆಂಟೆನಾ ಇದ್ದರೆ ಅದಕ್ಕೆ ಜಾಲರಿಯೇ ಇರುವುದಿಲ್ಲ. ಅದನ್ನು ಕರೆಂಟ್ ವೈರಿನ ಜೊತೆ ಸೇರಿಸಿ ಕಟ್ಟಬೇಡಿ.

ಹಲವು ಯಂತ್ರಗಳಲ್ಲಿ ಮೋಟಾರಿನ ಜೊತೆ ಕಿಡಿಯ ಗದ್ದಲ ನುಂಗಲು ಕೆಪಾಸಿಟರ್ ಅನ್ನುವ ಒಂದು ಸಣ್ಣ ಬಿಡಿಭಾಗ ಇರುತ್ತದೆ. ಅದು ಕೆಟ್ಟಾಗ ಕೆಲವು ರಿಪೇರಿಯವರು ಸುಮ್ನೆ ಕತ್ತರಿಸಿ ಎಸೆಯುತ್ತಾರೆ. ಮಿಕ್ಸಿ ಓಡುತ್ತದೆ, ಅಲ್ವಾ, ಯಾರಿಗೂ ಗೊತ್ತಾಗುವುದಿಲ್ಲ. ಬದಲಾಯಿಸುವಾಗ ಎಕ್ಸ್2 ಅಂತ ಗುರುತಿರುವುದನ್ನೇ, ಅಂದರೆ ಕರೆಂಟ್ ಲೈನಿಗೆ ನೇರ ಜೋಡಿಸಲೆಂದೇ ಮಾಡಿದ ಬಗೆಯನ್ನೇ ಹಾಕಿಸಿ. ಸಾಮಾನ್ಯ ಕೆಪಾಸಿಟರ್ ಹಾಕಿದರೆ ಶಾರ್ಟ್ ಆಗಿ ಬೆಂಕಿ ಹೊತ್ತುವ ಭಯ ಇದೆ.

ಚುಕ್ಕಿಗಳು ಸ್ಕ್ರೀನ್ ತುಂಬಾ ಹರಡದೆ ಎರಡು ಅಡ್ಡ ಪಟ್ಟಿಯಾಗಿ ನಿಂತು, ನಿಧಾನವಾಗಿ ಮೇಲಕ್ಕೋ ಕೆಳಕ್ಕೋ ಜಾರುತ್ತಿದ್ದರೆ ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರನ್ನೋ ಲೈಟ್ ಡಿಮ್ಮರನ್ನೋ ನೋಡಿ. 50 ಹರ್ಟ್ಸ್ ಕರೆಂಟನ್ನು ಅದು ಸೆಕೆಂಡಿಗೆ 100 ಸಲ ಕತ್ತರಿಸುತ್ತದೆ. ಟಿವಿ ಸೆಕೆಂಡಿಗೆ 50 ಸಲ ಸ್ಕ್ರೀನಿನ ಮೇಲಿಂದ ಕೆಳಗಿನವರೆಗೆ ಗೆರೆಗೆರೆಯಾಗಿ ಚಿತ್ರ ಬಿಡಿಸುತ್ತದೆ. ಹಾಗಾಗಿ ಒಂದು ಸಲಕ್ಕೆ ಎರಡು ಪಟ್ಟಿ. ಎರಡರ ವೇಗ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇರುವುದರಿಂದ ಪಟ್ಟಿ ಜಾರುತ್ತದೆ. ಫ್ಯಾನನ್ನು ಪೂರ್ತಿ ಸ್ಪೀಡಿಗೆ ತಿರುಗಿಸಿ ನೋಡಿ, ಪಟ್ಟಿ ಬಹುತೇಕ ಮಾಯ. ಹಂತ ಹಂತವಾಗಿ ಟಿಕ್ ಟಿಕ್ ಅಂತ ತಿರುಗುವ ಕೆಪಾಸಿಟರ್ ರೆಗ್ಯುಲೇಟರ್ ಹಾಕಿಸಿಕೊಂಡರೆ ಈ ಕಾಟವಿಲ್ಲ. ಆದರೆ ಪಟ್ಟಿಯಲ್ಲಿ ಚುಕ್ಕಿ ಇಲ್ಲದೆ ಬರೀ ಮಬ್ಬು ನೆರಳಿದ್ದು, ಜೊತೆಗೆ ಗುಂಯ್ ಅನ್ನುವ ಸದ್ದೂ ಇದ್ದರೆ ಟಿವಿಯ ಪವರ್ ಸಪ್ಲೈ ಕೆಪಾಸಿಟರ್ ಒಣಗಿರಬಹುದು. ಆಗ ಮಾತ್ರ ಟಿವಿ ಬಿಚ್ಚಿಸಿ. ನೀವೇ ಬಿಚ್ಚಬೇಡಿ. ಕಲರ್ ಪಿಕ್ಚರ್ ಟ್ಯೂಬಿಗೆ 20 ಸಾವಿರ ವೋಲ್ಟಿಗೂ ಹೆಚ್ಚು ಹೋಗುತ್ತದೆ, ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು.

ಮೂಲೆಯಲ್ಲಿ ಹಸಿರೋ ನೇರಳೆಯೋ ಬಣ್ಣ ಮೆತ್ತಿಕೊಂಡಿದ್ದರೆ ಅದು ತರಂಗದ ಕೆಲಸವಲ್ಲ, ಅಯಸ್ಕಾಂತದ್ದು. ಪಕ್ಕದಲ್ಲಿಟ್ಟ ಸ್ಪೀಕರನ್ನು ದೂರ ಸರಿಸಿ. ಟಿವಿಯನ್ನು ಅರ್ಧ ಗಂಟೆ ಪೂರ್ತಿ ಆರಲು ಬಿಟ್ಟು, ರಿಮೋಟಿನಿಂದಲ್ಲ, ಟಿವಿಯ ಮೇನ್ ಸ್ವಿಚ್ಚಿನಿಂದ ಆನ್ ಮಾಡಿ. ಆನ್ ಆಗುವಾಗ ಒಳಗಿನ ಕಾಯಿಲ್ ಆ ಕಲೆ ತೆಗೆಯುತ್ತದೆ, ಬಿಸಿ ಇದ್ದಾಗ ಅದು ಕೆಲಸ ಮಾಡುವುದಿಲ್ಲ. ಒಂದೇ ಸಲಕ್ಕೆ ಹೋಗದಿದ್ದರೆ ಇನ್ನೆರಡು ಸಲ ಮಾಡಬೇಕಾಗಬಹುದು.

ಯಾವ ಯಂತ್ರವೂ ಓಡದಿರುವಾಗ ಚುಕ್ಕಿ ಬರುತ್ತಿದ್ದರೆ ಮಾತ್ರ ಹಗುರವಾಗಿ ತಗೋಬೇಡಿ. ಬ್ಯಾಟರಿ ರೇಡಿಯೊ ಒಂದನ್ನು ಮೀಡಿಯಂ ವೇವಿನಲ್ಲಿ ಸ್ಟೇಷನ್ ಇಲ್ಲದ ಜಾಗಕ್ಕೆ ತಿರುಗಿಸಿ, ಮನೆಯೆಲ್ಲ ಓಡಾಡಿ. ಚರಚರ ಸದ್ದು ಯಾವ ಸ್ವಿಚ್ ಬೋರ್ಡ್ ಹತ್ತಿರ ಜೋರಾಗುತ್ತದೋ ಅಲ್ಲಿ ಲೂಸ್ ಕನೆಕ್ಷನ್ ಇರುವ ಸಾಧ್ಯತೆ ಹೆಚ್ಚು. ಬೋರ್ಡ್ ಬಿಸಿಯಾಗಿದ್ದರೆ, ಸುಟ್ಟ ವಾಸನೆ ಇದ್ದರೆ ಕೂಡಲೇ ಮೇನ್ ಆಫ್ ಮಾಡಿ, ಅವತ್ತೇ ಎಲೆಕ್ಟ್ರಿಷಿಯನ್ ಕರೆಸಿ. ಮೇನ್ ಆಫ್ ಮಾಡಿದ ಮೇಲೂ ರೇಡಿಯೊದಲ್ಲಿ ಸದ್ದು ನಿಲ್ಲದಿದ್ದರೆ ತೊಂದರೆ ಬಹುಶಃ ನಿಮ್ಮ ಮನೆಯೊಳಗಿಲ್ಲ. ಅಕ್ಕಪಕ್ಕದ ಮನೆಯವರನ್ನು ಒಂದು ಮಾತು ಕೇಳಿ, ಅಲ್ಲೂ ಏನೂ ಸಿಗದಿದ್ದರೆ ವಿದ್ಯುತ್ ಕಚೇರಿಗೆ ದೂರು ಕೊಡಿ. ಕಂಬದ ಮೇಲೆ ನೀವು ಕೈ ಹಾಕಬೇಡಿ.