ಪುಕ್ಕಟೆ ಚೆಸ್ಸಿನ ಹಿಂದೆ ಒಂದು ಹಳೇ ಜಗಳ

ಮಂಡ್ಯದ ಒಂದು ಕಲ್ಯಾಣ ಮಂಟಪ. ಒಳಗೆ ಮಕ್ಕಳ ಚೆಸ್ ಟೂರ್ನಮೆಂಟ್, ಹೊರಗೆ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಅಪ್ಪ ಅಮ್ಮಂದಿರು. ಮಕ್ಕಳು ಬೋರ್ಡಿನ ಮುಂದೆ ಕೂತರೆ ದೊಡ್ಡವರಿಗೆ ಕಾಯುವುದೊಂದೇ ಕೆಲಸ. ತಂಗಿಯ ಮಗನನ್ನು ಕರೆದುಕೊಂಡು ನಾನು ಮೈಸೂರಿನಿಂದ ಹೋಗಿದ್ದೆ. ಪಕ್ಕದಲ್ಲಿ ಕೂತಿದ್ದ ರೈತರೊಬ್ಬರು ಫೋನಿನಲ್ಲಿ ಒಂದು ಚೆಸ್ ಸೈಟ್ ತೋರಿಸಿ ಕೇಳಿದರು. "ಮಗಳು ದಿನಾ ಈ ಲಿಚೆಸ್ಸಲ್ಲೇ ಆಡ್ತಾಳೆ ಸಾರ್. ದುಡ್ಡೂ ಕೇಳಲ್ಲ, ಜಾಹೀರಾತೂ ಬರಲ್ಲ. ಎಲ್ಲೋ ಏನೋ ಮೋಸ ಇರ್ಬೇಕು, ಅಲ್ವಾ?"

ಅವರ ಅನುಮಾನ ತಪ್ಪಲ್ಲ. ಮೊಬೈಲಿನಲ್ಲಿ ಪುಕ್ಕಟೆ ಸಿಕ್ಕಿದ್ದಕ್ಕೆಲ್ಲ ಹಿಂಬಾಗಿಲಿನಿಂದ ಬಿಲ್ ಬರುತ್ತದೆ ಎಂದು ನಾವೆಲ್ಲ ಪೆಟ್ಟು ತಿಂದೇ ಕಲಿತವರು. ಎರಡು ಮಾತಿನಲ್ಲಿ ಉತ್ತರ ಹೇಳಲು ಹೋದೆ, ಆಗಲಿಲ್ಲ. ಆ ಉತ್ತರ 1992ರಿಂದ ಶುರುವಾಗುತ್ತದೆ.

ಆ ವರ್ಷದ ಜನವರಿಯಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಒಂದು ಕಂಪ್ಯೂಟರಿನಲ್ಲಿ 'ಇಂಟರ್ನೆಟ್ ಚೆಸ್ ಸರ್ವರ್' ಓಡತೊಡಗಿತು. ಮೈಕಲ್ ಮೂರ್, ರಿಚರ್ಡ್ ನ್ಯಾಶ್ ಎಂಬವರು ಕಟ್ಟಿದ್ದು. ಚಿತ್ರ ಗಿತ್ರ ಏನೂ ಇಲ್ಲ. ದೂರದ ಕಂಪ್ಯೂಟರಿಗೆ ಅಕ್ಷರಗಳಲ್ಲೇ ಮಾತಾಡಿಸುವ ಟೆಲ್ನೆಟ್ ಮೂಲಕ ಒಳಗೆ ಹೋದರೆ ಗೆರೆ, ಚುಕ್ಕೆ, ಅಕ್ಷರಗಳಲ್ಲೇ ಬೋರ್ಡ್ ಮೂಡುತ್ತಿತ್ತು. ಕುದುರೆ ಅಂದರೆ 'ಎನ್' ಅಕ್ಷರ, ಅಷ್ಟೇ. ನಡೆಯನ್ನು ಟೈಪ್ ಮಾಡಿ ಎಂಟರ್ ಒತ್ತಬೇಕು. ಆ ನಡೆ ದಾರಿಯಲ್ಲಿ ಎಲ್ಲೋ ಸಿಕ್ಕಿಕೊಂಡರೆ ಇತ್ತ ನಿಮ್ಮ ಗಡಿಯಾರ ಸುಮ್ನೆ ಓಡುತ್ತಿತ್ತು. ಗೆಲ್ಲುವ ಆಟವನ್ನು ನೆಟ್‌ವರ್ಕಿನ ಕೈಲಿ ಸೋತವರು ಎಷ್ಟೋ ಜನ. ಬೈದುಕೊಂಡೇ ಆಡಿದರು. ಪ್ರೋಗ್ರಾಂ ಬರೆಯಲು ಬರುವವರು ಅಲ್ಲಿ ಇಲ್ಲಿ ತಿದ್ದಿಕೊಟ್ಟರು. ಯಾರಿಗೂ ಸಂಬಳ ಇರಲಿಲ್ಲ.

ಸ್ವಲ್ಪ ದಿನದಲ್ಲೇ ಕಾರ್ನಗಿ ಮೆಲನ್ ವಿಶ್ವವಿದ್ಯಾಲಯದ ಡೇನಿಯಲ್ ಸ್ಲೀಟರ್ ಇದರ ಜವಾಬ್ದಾರಿ ತೆಗೆದುಕೊಂಡರು. ದೊಡ್ಡ ತಲೆ. ಗಡಿಯಾರದ ತಾಪತ್ರಯಕ್ಕೂ ಅವರು ಮದ್ದು ಹುಡುಕಿದರು. ಆಮೇಲೆ ಕೋಡಿನ, ಅಂದರೆ ಪ್ರೋಗ್ರಾಮಿನ ಮೂಲ ಬರಹದ, ಹಕ್ಕನ್ನು ತಮ್ಮ ಹೆಸರಿಗೆ ಮಾಡಿಕೊಂಡರು. 1995ರ ಮಾರ್ಚ್ 1ರಂದು ಅದೇ ಸರ್ವರ್ 'ಇಂಟರ್ನೆಟ್ ಚೆಸ್ ಕ್ಲಬ್' ಎಂಬ ಹೊಸ ಬೋರ್ಡ್ ಹಾಕಿಕೊಂಡಿತು. ವರ್ಷಕ್ಕೆ 49 ಡಾಲರ್ ಚಂದಾ.

ಅಲ್ಲಿಂದ ರಂಪ. ಊರವರೆಲ್ಲ ಸೇರಿ ಹೂಳೆತ್ತಿದ ಕೆರೆಗೆ ಒಬ್ಬ ಬೇಲಿ ಹಾಕಿದ ಎಂದು ಜನ ಕೂಗಾಡಿದರು. ಬೇಲಿ ಹಾಕಿದವನೇ ಎಲ್ಲರಿಗಿಂತ ಜಾಸ್ತಿ ಮಣ್ಣು ಹೊತ್ತಿದ್ದ ಎನ್ನುವುದೂ ನಿಜ. ಹಾಗಾಗಿ ಈ ಕಥೆಯಲ್ಲಿ ನನಗೆ ಸ್ಲೀಟರ್ ಖಳನಾಯಕ ಅನಿಸುವುದಿಲ್ಲ. ಆದರೆ ಮಣ್ಣು ಹೊತ್ತ ಉಳಿದವರ ಕೈಯಲ್ಲಿ ಹಕ್ಕು ಹೇಳಲು ಒಂದು ಚೂರು ಕಾಗದವೂ ಇರಲಿಲ್ಲ, ನೋಡಿ. ಅದೇ ತೊಂದರೆ. ಸಿಟ್ಟಾದ ಕೆಲವರು ಅದೇ ತಿಂಗಳು, ಹಂಚಿಹೋಗಿದ್ದ ಹಳೇ ಕೋಡನ್ನು ಹಿಡಿದು, 'ಫ್ರೀ ಇಂಟರ್ನೆಟ್ ಚೆಸ್ ಸರ್ವರ್' ತೆರೆದರು. ಆಡುವವರ ಬಾಯಲ್ಲಿ ಅದು ಫಿಕ್ಸ್. ಆಡಲು ದುಡ್ಡಿಲ್ಲ. ವಿಚಿತ್ರ ಅಂದರೆ, ಮುಂದೆ ಫಿಕ್ಸ್ ಕೂಡ ತನ್ನ ಹೊಸ ಕೋಡನ್ನು ಹೊರಗೆ ಬಿಡಲಿಲ್ಲ. ಆಟ ಪುಕ್ಕಟೆ, ಕೋಡ್ ಬೀಗದೊಳಗೆ.

ಈ ಗಲಾಟೆ ನಮ್ಮ ಕಿವಿಗೆ ಬೀಳುವಂತೆಯೇ ಇರಲಿಲ್ಲ. ಭಾರತದ ಜನಸಾಮಾನ್ಯರಿಗೆ ಇಂಟರ್ನೆಟ್ ಬಂದದ್ದೇ 1995ರ ಆಗಸ್ಟ್ 15ರಂದು, ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಮೂಲಕ. ಮೈಸೂರಿನ ಬ್ರೌಸಿಂಗ್ ಸೆಂಟರುಗಳಲ್ಲಿ ನಾವು ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಚೆಸ್ ಆಡತೊಡಗಿದ್ದು ಅದಕ್ಕೂ ಎಷ್ಟೋ ವರ್ಷ ಆದಮೇಲೆ. ಡಾಲರಿನಲ್ಲಿ ಚಂದಾ ಕಟ್ಟಲು ಕ್ರೆಡಿಟ್ ಕಾರ್ಡ್ ಯಾರ ಹತ್ತಿರ ಇತ್ತು? ನಾನು ಒಂದು ಸಣ್ಣ ಸೈಟಿನಲ್ಲಿ ಆಡುತ್ತಿದ್ದೆ. ಒಂದು ಬೆಳಿಗ್ಗೆ ಅದು ತೆರೆಯಲೇ ಇಲ್ಲ. ಅದರ ಜೊತೆ ನನ್ನ ನಾನೂರು ಚಿಲ್ಲರೆ ಆಟಗಳೂ ಹೋದವು. ಕೇಳೋಣ ಅಂದರೆ ಯಾರನ್ನು ಕೇಳುವುದು?

ಮೈಸೂರಿನವರಿಗೆ ಈ ಆಟದ ಹುಚ್ಚು ಮಾತ್ರ ಇಂಟರ್ನೆಟ್ಟಿಗಾಗಿ ಕಾದು ಕೂತಿರಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಕುದುರೆ ನಡೆಯ ಪದ್ಯಬಂಧ, ಅಂಕಬಂಧಗಳಲ್ಲಿ ಮುಳುಗಿದವರು. ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಬೇಕು. ಮುಟ್ಟಿದ ಕ್ರಮದಲ್ಲಿ ಮನೆಗಳಿಗೆ 1ರಿಂದ 64ರವರೆಗೆ ಅಂಕಿ ಕೊಡಬೇಕು. ಅವರ ಒಂದು ರಚನೆಯಲ್ಲಿ ಯಾವ ಅಡ್ಡಸಾಲು ಕೂಡಿದರೂ 260, ಯಾವ ಉದ್ದಸಾಲು ಕೂಡಿದರೂ 260. ಮೂಲೆಯಿಂದ ಮೂಲೆಗೆ ಕೂಡಿದರೆ ಮಾತ್ರ ಬರುವುದಿಲ್ಲ. ಅದು ಅವರ ಸೋಲಲ್ಲ. ಎಂಟು ಬೈ ಎಂಟು ಬೋರ್ಡಿನಲ್ಲಿ ಮೂಲೆಗೆರೆಯೂ ಕೂಡಿಬರುವ ಕುದುರೆ ನಡೆ ಸಾಧ್ಯವೇ ಇಲ್ಲ ಎಂದು 2003ರಲ್ಲಿ ಕಂಪ್ಯೂಟರುಗಳು ಎಲ್ಲ ದಾರಿಗಳನ್ನೂ ಜಾಲಾಡಿ ತೋರಿಸಿದವು. ಅಡ್ಡ, ಉದ್ದ ಎರಡೂ ಹೊಂದುವ ಬಗೆಗಳು ಇರುವುದೇ 140. ಅದರಲ್ಲಿ ಒಂದನ್ನು ನಮ್ಮ ದೊರೆ ಕಂಪ್ಯೂಟರ್ ಇಲ್ಲದೆ ಹಿಡಿದಿದ್ದರು. ವಿಷಯ ಬಿಟ್ಟು ಹೋದೆ ಅನ್ನಬೇಡಿ, ಮೈಸೂರಿನವರು ಚೆಸ್ ಬಗ್ಗೆ ಬರೆದರೆ ಈ ಮಾತು ಬಂದೇ ಬರುತ್ತದೆ. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ತೇಜಕುಮಾರ್ ಕೂಡ ನಮ್ಮೂರಿನವರೇ, 2017ರಲ್ಲಿ ಆದದ್ದು.

ಇರಲಿ. ಕೆರೆಯ ಕಾಗದ ಪತ್ರದ ವಿಷಯಕ್ಕೆ ಬರೋಣ.

ಅಂಥ ಕಾಗದ ಒಂದು ಆಗಲೇ ಇತ್ತು. ಅಮೆರಿಕದ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್‌ಮನ್ 1989ರಲ್ಲಿ ಬರೆದ ಜಿಪಿಎಲ್ ಎಂಬ ಲೈಸೆನ್ಸ್. ಅದರ ಷರತ್ತು ಸರಳ. ನನ್ನ ಪ್ರೋಗ್ರಾಂ ತಗೋ, ತಿದ್ದು, ಬೇಕಾದರೆ ಮಾರು. ಆದರೆ ಯಾರಿಗೆ ಕೊಡುತ್ತೀಯೋ ಅವರಿಗೆ ಕೋಡನ್ನೂ ಕೊಡು. ಇದರಲ್ಲಿ ಒಂದು ಸಂದು ಉಳಿಯಿತು. ಚೆಸ್ ಸರ್ವರ್ ನಡೆಸುವವನು ಪ್ರೋಗ್ರಾಮನ್ನು ಯಾರಿಗೂ ಕೊಡುವುದೇ ಇಲ್ಲ. ಅದು ಅವನ ಕಂಪ್ಯೂಟರಿನಲ್ಲೇ ಇರುತ್ತದೆ, ನಾವು ದೂರದಿಂದ ಆಡುತ್ತೇವೆ. ಕೊಡದ ಮೇಲೆ ಕೋಡ್ ತೋರಿಸುವ ಮಾತೆಲ್ಲಿ? ಈ ಸಂದನ್ನು ಮುಚ್ಚಲೆಂದೇ ಇರುವುದು ಎಜಿಪಿಎಲ್ ಎಂಬ ಲೈಸೆನ್ಸ್, ಅದರ ಮೂರನೇ ಆವೃತ್ತಿ 2007ರಲ್ಲಿ ಬಂತು. ನೆಟ್ ಮೂಲಕ ಬಳಸುವವರಿಗೂ ಕೋಡ್ ಸಿಗಬೇಕು ಎಂದಿತು. ಇವತ್ತು ಲಿಚೆಸ್ಸಿನ ಕೋಡ್ ಇರುವುದು ಇದೇ ಲೈಸೆನ್ಸಿನಡಿ.

ಲಿಚೆಸ್ ಶುರುವಾದದ್ದು 2010ರಲ್ಲಿ. ಟಿಬೋ ಡುಪ್ಲೆಸಿ ಎಂಬ ಫ್ರಾನ್ಸಿನ ಪ್ರೋಗ್ರಾಮರ್ ಹವ್ಯಾಸಕ್ಕೆ ಕಟ್ಟಿದ್ದು. ಹೆಸರಿನ 'ಲಿ' ಅಂದರೆ ಲೈವ್, ಲೈಟ್, ಲಿಬ್ರೆ. ಲಿಬ್ರೆ ಅಂದರೆ ಫ್ರೆಂಚಿನಲ್ಲಿ ಸ್ವತಂತ್ರ. ಲೀಚೆಸ್ ಎಂದು ಎಳೆಯಬೇಕಂತೆ. ನಮ್ಮ ಹುಡುಗರು ಲೈಚೆಸ್, ಲಿಚೆಸ್ ಎರಡೂ ಅನ್ನುತ್ತಾರೆ, ಬಿಡಿ. ಈಗ ಅದು ಫ್ರಾನ್ಸಿನ ಕಾನೂನಿನಡಿ ಲಾಭಕ್ಕಲ್ಲದ ಒಂದು ಸಂಘ. ಖರ್ಚು ನಡೆಯುವುದು ಆಡುವವರು ಇಷ್ಟಪಟ್ಟು ಕೊಡುವ ದುಡ್ಡಿನಿಂದ. ಯಾವುದಕ್ಕೆ ಎಷ್ಟು ಖರ್ಚು ಎಂಬ ಲೆಕ್ಕವನ್ನು ಯಾರು ಬೇಕಾದರೂ ನೋಡಬಹುದು. ದುಡ್ಡು ಕೊಟ್ಟವರಿಗೆ ಹೆಸರಿನ ಪಕ್ಕ ಪುಟ್ಟದೊಂದು ರೆಕ್ಕೆಯ ಗುರುತು. ಬೇರೆ ಯಾವ ಸೌಲಭ್ಯವೂ ಜಾಸ್ತಿ ಇಲ್ಲ. ನಾನು ರೈತರಿಗೆ ಹೇಳಿದ್ದು ಇದನ್ನೇ. "ದೇವಸ್ಥಾನದ ಹುಂಡಿ ಇದ್ದಂಗೆ ಅನ್ನಿ" ಎಂದರು. "ಲೆಕ್ಕ ಗೋಡೆಗೆ ಅಂಟಿಸಿದ ಹುಂಡಿ" ಎಂದೆ.

ಆಟ ಮುಗಿದ ಮೇಲೆ ತಪ್ಪು ಎಲ್ಲಿ ಎಂದು ಹೇಳುವುದು ಸ್ಟಾಕ್‌ಫಿಶ್ ಎಂಬ ಎಂಜಿನ್, ಅಂದರೆ ತಾನೇ ಚೆಸ್ ಲೆಕ್ಕ ಹಾಕುವ ಪ್ರೋಗ್ರಾಂ. ಇದರದ್ದೇ ಒಂದು ಕಥೆ. ನಾರ್ವೆಯ ಟೋರ್ಡ್ ರೊಮ್‌ಸ್ಟಾಡ್ ಗ್ಲೌರುಂಗ್ ಎಂಬ ಎಂಜಿನ್ ಬರೆದು ಕೋಡನ್ನು ಹೊರಗೆ ಇಟ್ಟಿದ್ದರು. ಇಟಲಿಯ ಮಾರ್ಕೊ ಕೋಸ್ಟಾಲ್ಬಾ 2008ರಲ್ಲಿ ಅದನ್ನು ತೆಗೆದುಕೊಂಡು ಬೇರೆಯದೇ ದಾರಿ ಹಿಡಿಸಿದರು. ಸ್ಟಾಕ್‌ಫಿಶ್ ಅಂದರೆ ಒಣಮೀನು. ನಾರ್ವೆಯಲ್ಲಿ ಒಣಗಿಸಿದ್ದು, ಇಟಲಿಯಲ್ಲಿ ಬೇಯಿಸಿದ್ದು ಎಂಬ ತಮಾಷೆ ಆ ಹೆಸರಿನಲ್ಲಿದೆ. ಇದು ಜಿಪಿಎಲ್ ಕೆಳಗಿದೆ. ಜರ್ಮನಿಯ ಚೆಸ್‌ಬೇಸ್ ಕಂಪನಿ ಇದೇ ಕೋಡ್ ಇದ್ದ ಎಂಜಿನ್ನನ್ನು ಲೈಸೆನ್ಸಿನ ಷರತ್ತು ಪಾಲಿಸದೆ ಮಾರುತ್ತಿದೆ ಎಂದು ಸ್ಟಾಕ್‌ಫಿಶ್ ತಂಡ 2021ರಲ್ಲಿ ಕೋರ್ಟಿಗೆ ಹೋಯಿತು. 2022ರ ನವೆಂಬರಿನಲ್ಲಿ ರಾಜಿಯಾಯಿತು. ಸ್ಟಾಕ್‌ಫಿಶ್ ಕೋಡ್ ಇರುವ ಎಂಜಿನ್ನುಗಳನ್ನು ಒಂದು ವರ್ಷ ಮಾರುವುದಿಲ್ಲ ಎಂದು ಕಂಪನಿ ಒಪ್ಪಿತು. 1995ರಲ್ಲಿ ಮಣ್ಣು ಹೊತ್ತವರಿಗೆ ಇಲ್ಲದಿದ್ದ ಕಾಗದ ಈ ಸಲ ಕೈಯಲ್ಲಿತ್ತು.

ಒಂದು ಆಟವನ್ನು ಸ್ಟಾಕ್‌ಫಿಶ್ ಕೈಲಿ ಜಾಲಾಡಿಸಲು ಕಂಪ್ಯೂಟರಿನ ದುಡಿಮೆ ಬೇಕು. ಅದೂ ತಿಂಗಳಿಗೆ ಸುಮಾರು 9 ಕೋಟಿ ಆಟ ನಡೆಯುವ ಜಾಗ. ಲಿಚೆಸ್ ಇದನ್ನು ಫಿಶ್‌ನೆಟ್ ಎಂಬ ಏರ್ಪಾಟಿನಲ್ಲಿ ಮಾಡಿಸುತ್ತದೆ. ಎಲ್ಲೆಲ್ಲೋ ಇರುವ ಸ್ವಯಂಸೇವಕರು ತಮ್ಮ ಕಂಪ್ಯೂಟರಿನ ಬಿಡುವಿನ ಶಕ್ತಿಯನ್ನು ಕೊಡುತ್ತಾರೆ. ಇದನ್ನು ಹೇಳಿದಾಗ ರೈತರಿಗೆ ಏನೂ ವಿವರಿಸಬೇಕಾಗಲಿಲ್ಲ. ಅವರೇ ಅಂದರು, "ಮುಯ್ಯಾಳು." ನಾಟಿ ಸಮಯದಲ್ಲಿ ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಒಂದೇ ವ್ಯತ್ಯಾಸ, ಇಲ್ಲಿ ಯಾರ ಗದ್ದೆ ಅಂತ ಗೊತ್ತಿರುವುದಿಲ್ಲ.

ಆಡಿದ ರೇಟೆಡ್ ಆಟಗಳನ್ನೂ, ಅಂದರೆ ಆಟಗಾರರ ಅಂಕಕ್ಕೆ ಲೆಕ್ಕವಾಗುವ ಆಟಗಳನ್ನೂ, ಲಿಚೆಸ್ ಪ್ರತಿ ತಿಂಗಳು ಕಟ್ಟು ಕಟ್ಟಿ ಹೊರಗಿಡುತ್ತದೆ. 2013ರಿಂದ ಇಲ್ಲಿಯವರೆಗೆ 500 ಕೋಟಿಗೂ ಜಾಸ್ತಿ. ಯಾರಾದರೂ ಇಳಿಸಿಕೊಳ್ಳಬಹುದು, ಅನುಮತಿಯೂ ಬೇಡ. ಮನುಷ್ಯರಂತೆ ಎಡವುತ್ತಾ ಆಡುವ ಮಾಯಾ ಎಂಬ ಎಂಜಿನ್ನನ್ನು ಸಂಶೋಧಕರು ತರಬೇತಿ ಮಾಡಿದ್ದು ಇದೇ ರಾಶಿಯಿಂದ. ನನ್ನ ಕಳೆದುಹೋದ ನಾನೂರು ಆಟ ನೆನೆದಾಗೆಲ್ಲ ಈ ರಾಶಿಯ ಮೇಲೆ ಹೊಟ್ಟೆಕಿಚ್ಚಾಗುತ್ತದೆ.

ಹಾಗಂತ ಎಲ್ಲ ಚೆನ್ನಾಗಿದೆ ಎನ್ನಲಾರೆ. 2007ರಲ್ಲಿ ಶುರುವಾದ ಚೆಸ್ ಡಾಟ್ ಕಾಮ್ ಲಾಭದ ಕಂಪನಿ, ಆಡುವವರ ಲೆಕ್ಕದಲ್ಲಿ ಇದಕ್ಕಿಂತ ಬಹಳ ದೊಡ್ಡದು. ಮಕ್ಕಳಿಗೆ ಪಾಠಗಳು ಅಲ್ಲಿ ಅಚ್ಚುಕಟ್ಟು. ಆದರೆ ಅಲ್ಲೂ ವಿಶ್ಲೇಷಣೆಗೆ ಸ್ಟಾಕ್‌ಫಿಶ್ ಬಳಕೆಯಲ್ಲಿದೆ. ಇನ್ನು ಕಳ್ಳಾಟ ಎರಡೂ ಕಡೆ ಇದೆ. ವಿಶ್ವ ಚಾಂಪಿಯನ್ನನ್ನೇ ಸೋಲಿಸುವ ಎಂಜಿನ್ ಪುಕ್ಕಟೆ ಸಿಗುವಾಗ ಕದ್ದು ನೋಡುವವರೂ ಇರುತ್ತಾರೆ.

ಲಿಚೆಸ್ಸಿನ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಅನುವಾದ ಮಾಡುವವರೂ ಸ್ವಯಂಸೇವಕರೇ. ಯಾವ ಪದವಾದರೂ ಹಿಡಿಸಲಿಲ್ಲವೇ, ನೀವೇ ಹೋಗಿ ಬೇರೆ ಪದ ಸೂಚಿಸಬಹುದು. ಮಂಡ್ಯದಿಂದ ವಾಪಸ್ ಬರುವಾಗ ರೈಲಿನಲ್ಲಿ ತಂಗಿಯ ಮಗ ಸೋತ ಆಟವನ್ನು ಫೋನಿಗೆ ಹಾಕಿ ನೋಡುತ್ತಿದ್ದ. ಎಂಜಿನ್ ತಪ್ಪುಗಳನ್ನು ಮೂರು ದರ್ಜೆಯಲ್ಲಿ ಎಣಿಸುತ್ತದೆ. ಅತಿ ಕೆಟ್ಟದಕ್ಕೆ ಇಂಗ್ಲಿಷಿನಲ್ಲಿ ಬ್ಲಂಡರ್. ಅದಕ್ಕೆ ಕನ್ನಡದಲ್ಲಿ ಏನು ಹೇಳೋಣ ಎಂದು ಕೇಳಿದೆ. 'ಮಹಾಪ್ರಮಾದ' ಎಂದು ನಾನೇ ಒಂದು ಪದ ಮುಂದಿಟ್ಟೆ. ಅವನು ತಲೆ ಎತ್ತಲಿಲ್ಲ. ಶ್ರೀರಂಗಪಟ್ಟಣ ದಾಟಿದ ಮೇಲೆ ಫೋನನ್ನು ನನ್ನ ಕಡೆ ತಿರುಗಿಸಿದ. "ಮಾಮಾ, ಎರಡು ತಪ್ಪು, ಒಂದು ಎಡವಟ್ಟು."